ಹಾಯಿದೋಣಿಗೆ ಅತಿಥಿಗಳು ಬಂದಾಗ: ವರ್ಜಿನ್ ದ್ವೀಪಗಳ ಬಗ್ಗೆ ಓದುಗರ ಪ್ರಶ್ನೆಗಳು

ಕೆರಿಬಿಯನ್ ಸಮುದ್ರದ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ದೋಣಿ ಬಾಡಿಗೆಗೆ ಹಿಡಿದು, ಗೆಳೆಯರನ್ನೋ ಅಪ್ಪ-ಅಮ್ಮನನ್ನೋ ಕರೆದುಕೊಂಡು ತಿರುಗುವ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಬರೆದವರಲ್ಲಿ ಹೆಚ್ಚಿನವರು ಅಮೆರಿಕದಲ್ಲಿರುವ ಕನ್ನಡಿಗರು. ಒಬ್ಬರು ಮಗನ ಜೊತೆ ಹೊರಟಿರುವ ಉಡುಪಿಯ ತಾಯಿ.

ಪ್ರಶ್ನೆ: ಜನವರಿಯಲ್ಲಿ ಮುಖ್ಯ ದ್ವೀಪ ಟಾರ್ಟೋಲಾದಿಂದ 45 ಅಡಿಯ ಕ್ಯಾಟಮರಾನ್ (ಎರಡು ಒಡಲಿನ ಹಾಯಿದೋಣಿ) ತೆಗೆದುಕೊಂಡಿದ್ದೇವೆ. ಏಳು ರಾತ್ರಿ, ಎಂಟು ಜನ. ಹಾಯಿ ನಡೆಸಲು ಬರುವುದು ನಮ್ಮಿಬ್ಬರಿಗೆ ಮಾತ್ರ. ನಾರ್ಮನ್, ವರ್ಜಿನ್ ಗೋರ್ಡಾ, ಅನೆಗಾಡಾ, ಯೋಸ್ಟ್ ವ್ಯಾನ್ ಡೈಕ್ ನಾಲ್ಕನ್ನೂ ನೋಡಬಹುದೇ? – ಓದುಗರು, ಡಲ್ಲಾಸ್

ನೋಡಬಹುದು, ಆದರೆ ಯಾವುದು ಮೊದಲು ಎನ್ನುವುದನ್ನು ಗಾಳಿ ನಿರ್ಧರಿಸಬೇಕು. ಇಲ್ಲಿ ವರ್ಷದ ಬಹುಪಾಲು ಪೂರ್ವದಿಂದ 15ರಿಂದ 20 ನಾಟ್ (ಗಂಟೆಗೆ ಸುಮಾರು 28ರಿಂದ 37 ಕಿಲೋಮೀಟರ್) ಗಾಳಿ ಬೀಸುತ್ತದೆ. ಡಿಸೆಂಬರ್-ಜನವರಿಯಲ್ಲಿ ಅದು ಇನ್ನೂ ಬಿರುಸಾಗಿ ದಿನಗಟ್ಟಲೆ 25 ನಾಟ್ ಆಗುವುದುಂಟು. ಸರ್ ಫ್ರಾನ್ಸಿಸ್ ಡ್ರೇಕ್ ಚಾನೆಲ್‌ನ ಎರಡೂ ಬದಿಯ ದ್ವೀಪಗಳು ಕಣ್ಣಿಗೆ ಕಾಣುವಷ್ಟು ಹತ್ತಿರ ಇರುವುದರಿಂದ ಎಲ್ಲವೂ ಸುಲಭ ಅನ್ನಿಸುತ್ತದೆ. ಆದರೆ ನಾರ್ಮನ್‌ನಿಂದ ವರ್ಜಿನ್ ಗೋರ್ಡಾಕ್ಕೆ ಹೋಗುವುದೆಂದರೆ ಗಾಳಿಗೆ ಎದುರಾಗಿ ಹೋಗುವುದು. ಕ್ಯಾಟಮರಾನ್ ಗಾಳಿಯ ದಿಕ್ಕಿಗೆ 50-55 ಡಿಗ್ರಿಗಿಂತ ಹತ್ತಿರ ಹೋಗಲಾರದು. ಹಾಗಾಗಿ ಅಡ್ಡಡ್ಡ ಹಾಯುತ್ತ ಹೋದರೆ ನೇರ 12 ಮೈಲಿಯ ದಾರಿ 18-20 ಮೈಲಿ ಆಗುತ್ತದೆ. ಮೂರು ಗಂಟೆಗೂ ಹೆಚ್ಚು ಕಾಲ ಅಲೆಗಳು ಎರಡು ಒಡಲುಗಳ ನಡುವಿನ ಅಟ್ಟಕ್ಕೆ ಕೆಳಗಿನಿಂದ ಗುದ್ದುತ್ತಿರುತ್ತವೆ. ಹೊಸಬರನ್ನು ಮೊದಲ ದಿನವೇ ಇದಕ್ಕೆ ಒಡ್ಡಬೇಡಿ.

ನಮ್ಮ ಸಲಹೆ ಹೀಗಿದೆ. ದೋಣಿಯ ವಿವರ ಕೇಳಿ, ಸಾಮಾನು ತುಂಬಿ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ, ಆದ್ದರಿಂದ ಮೊದಲ ರಾತ್ರಿ ನಾರ್ಮನ್ ದ್ವೀಪದ ಕೊಲ್ಲಿಯಾದ ಬೈಟ್‌ನಲ್ಲಿ ತಂಗಿ. ಎರಡನೇ ದಿನ ಬೆಳಿಗ್ಗೆ ಗಾಳಿ ಏರುವ ಮುನ್ನ ಹೊರಟು ಸಾಲ್ಟ್ ಐಲ್ಯಾಂಡ್ ಬಳಿ ನಿಲ್ಲಿ. 1867ರ ಅಕ್ಟೋಬರ್ 29ರ ಚಂಡಮಾರುತದಲ್ಲಿ ಮುಳುಗಿದ ಆರ್‌ಎಂಎಸ್ ರೋನ್ ಹಡಗು ಅಲ್ಲಿ ಮಲಗಿದೆ. ಆ ಜಾಗ ಹಗಲಿಗೆ ಮಾತ್ರ, ರಾತ್ರಿಗೆ ಕೂಪರ್ ಐಲ್ಯಾಂಡ್ ಸೇರಬೇಕು. ಮೂರನೇ ದಿನ ದಿ ಬಾತ್ಸ್ ಎಂಬ ಬಂಡೆಗಳ ಕಡಲತೀರ ನೋಡಿಕೊಂಡು ವರ್ಜಿನ್ ಗೋರ್ಡಾದ ನಾರ್ತ್ ಸೌಂಡ್ ಕೊಲ್ಲಿ. ಎದುರುಗಾಳಿಯ ದೊಡ್ಡ ಕಷ್ಟ ಅಲ್ಲಿಗೆ ಮುಗಿಯಿತು.

ನಾರ್ತ್ ಸೌಂಡ್‌ನಿಂದ ಉತ್ತರಕ್ಕಿರುವ ಅನೆಗಾಡಾಕ್ಕೆ ಸುಮಾರು 13 ಮೈಲಿ, ಗಾಳಿ ಪಕ್ಕದಿಂದ. ಅತಿಥಿಗಳು ಹಾಯಿಪ್ರಯಾಣವನ್ನು ಮೆಚ್ಚುವುದು ಈ ದಾರಿಯಲ್ಲಿಯೇ. ಅದು ಹವಳ ಮತ್ತು ಸುಣ್ಣಕಲ್ಲಿನ ದ್ವೀಪ, ಎತ್ತರ ಎಂಟೂವರೆ ಮೀಟರ್ ಅಷ್ಟೇ. ದೂರದಿಂದ ನೆಲ ಕಾಣುವುದಿಲ್ಲ, ಮರದ ತುದಿಗಳು ಕಾಣುತ್ತವೆ. ಆಗ್ನೇಯಕ್ಕೆ ಸುಮಾರು 29 ಕಿಲೋಮೀಟರ್ ಉದ್ದದ ಹಾರ್ಸ್‌ಶೂ ರೀಫ್ ಎಂಬ ಹವಳದಿಬ್ಬ ಚಾಚಿದೆ. ಆದ್ದರಿಂದ ಬೆಳಿಗ್ಗೆ ಎಂಟಕ್ಕೆ ಹೊರಟು, ಸೂರ್ಯ ನೆತ್ತಿಯ ಹತ್ತಿರ ಇರುವಾಗ ಸೆಟ್ಟಿಂಗ್ ಪಾಯಿಂಟ್ ಎಂಬ ಲಂಗರು ತಾಣದ ಒಳಹೊಗಬೇಕು. ಅಮೆರಿಕದ ಪದ್ಧತಿಯಂತೆ ಒಳಗೆ ಬರುವಾಗ ಕೆಂಪು ಬಾಯ್ (ದಾರಿ ತೋರುವ ತೇಲುಗುರುತು) ಬಲಕ್ಕೆ, ಹಸಿರು ಎಡಕ್ಕೆ. ಭಾರತದಲ್ಲಿ ದೋಣಿ ನಡೆಸಿ ಕಲಿತವರಿಗೆ ಇದು ಪೂರ್ತಿ ಉಲ್ಟಾ, ಮರೆತರೆ ನೇರ ಹವಳದ ಮೇಲೆ. ಕೆಲವು ಕಂಪನಿಗಳು ಅನೆಗಾಡಾಕ್ಕೆ ಬೇರೆಯಾಗಿ ಅನುಮತಿ ಕೇಳುತ್ತವೆ, ಒಪ್ಪಂದ ಓದಿ.

ಅನೆಗಾಡಾದಿಂದ ಯೋಸ್ಟ್ ವ್ಯಾನ್ ಡೈಕ್‌ಗೆ 25 ಮೈಲಿಗೂ ಹೆಚ್ಚು, ಗಾಳಿ ಹಿಂದಿನಿಂದ. ಹಿಂಗಾಳಿಯಲ್ಲಿ ಬೂಮ್ ಎಂಬ ಅಡ್ಡಕೋಲು ತಟ್ಟನೆ ಈ ಬದಿಯಿಂದ ಆ ಬದಿಗೆ ಬೀಸಿದರೆ ತಲೆ ಒಡೆಯುತ್ತದೆ, ಸಲಕರಣೆ ಮುರಿಯುತ್ತದೆ. ಬೂಮ್ ಅನ್ನು ಹಗ್ಗದಿಂದ ಮುಂದಕ್ಕೆ ಎಳೆದು ಕಟ್ಟಿ, ಇಲ್ಲವೇ ಮುಂದಿನ ಜೆನೋವಾ ಹಾಯಿಯೊಂದರಲ್ಲೇ ಹೋಗಿ. ಹೊಸಬರು ಎಂಟು ಜನರಲ್ಲಿ ಆರು ಮಂದಿ ಇರುವಾಗ ಎರಡನೆಯದೇ ಸರಿ.

ಏಳನೇ ರಾತ್ರಿ ಮತ್ತೆ ಬಂದರಿನ ಹತ್ತಿರ, ಪೀಟರ್ ಐಲ್ಯಾಂಡ್ ಅಥವಾ ನಾರ್ಮನ್. ಗಾಳಿ 22 ನಾಟ್ ದಾಟಿದರೆ, ಉತ್ತರದಿಂದ ಸ್ವೆಲ್ ಎಂಬ ದೂರದ ದೊಡ್ಡ ಅಲೆಗಳು ಬರುತ್ತಿದ್ದರೆ, ಅನೆಗಾಡಾ ಬಿಟ್ಟುಬಿಡಿ. ನಾರ್ತ್ ಸೌಂಡ್‌ನಲ್ಲೇ ಎರಡು ರಾತ್ರಿ ಇದ್ದವರು ಯಾರೂ ದುಃಖಪಟ್ಟಿಲ್ಲ.

ಪ್ರಶ್ನೆ: ಕ್ಯಾಟಮರಾನ್ ವಾಲುವುದಿಲ್ಲವಲ್ಲ, ಹಾಯಿ ಯಾವಾಗ ಕಿರಿದು ಮಾಡಬೇಕೆಂದು ಹೇಗೆ ಗೊತ್ತಾಗುತ್ತದೆ? – ಓದುಗರು, ಸ್ಯಾನ್ ಹೋಸೆ

ವಾಲುವುದಿಲ್ಲ ಎನ್ನುವುದೇ ಅಪಾಯ. ಒಂಟಿ ಒಡಲಿನ ದೋಣಿ ಗಾಳಿ ಹೆಚ್ಚಾದಾಗ ವಾಲಿ ಎಚ್ಚರಿಸುತ್ತದೆ, ಗಾಳಿಯ ಸ್ವಲ್ಪ ಭಾಗವನ್ನು ಸೋರಿಬಿಡುತ್ತದೆ. ಕ್ಯಾಟಮರಾನ್ ನೆಟ್ಟಗೆ ನಿಂತು ಪೂರ್ತಿ ಹೊರೆಯನ್ನು ಕೂವೆಮರ ಮತ್ತು ತಂತಿಗಳ ಮೇಲೆ ಹಾಕುತ್ತದೆ. ಆದ್ದರಿಂದ ಅನುಭವ ನಂಬದೆ ಗಾಳಿಮಾಪಕ ನೋಡಿ. ನಿಜಗಾಳಿ (ದೋಣಿಯ ಓಟ ಸೇರದ ಗಾಳಿವೇಗ) 18-20 ನಾಟ್‌ಗೆ ಮೊದಲ ರೀಫ್ (ಹಾಯಿಯನ್ನು ಒಂದು ಹಂತ ಮಡಚಿ ಕಿರಿದು ಮಾಡುವುದು), 25ಕ್ಕೆ ಎರಡನೆಯದು. ಕಂಪನಿಯ ಪಟ್ಟಿ ಇನ್ನೂ ಕಡಿಮೆ ಹೇಳಿದರೆ ಅದನ್ನೇ ಪಾಲಿಸಿ.

ಎಂಜಿನ್ ಹಾಕಿ ಮೂತಿಯನ್ನು ಗಾಳಿಗೆ ತಿರುಗಿಸಿ. ಮೇನ್‌ಶೀಟ್ ಎಂಬ ಮುಖ್ಯ ಹಾಯಿಯ ಹಗ್ಗ ಸಡಿಲಿಸಿ. ಹಾಯಿ ಎತ್ತುವ ಹಗ್ಗವನ್ನು ಗುರುತಿನವರೆಗೆ ಇಳಿಸಿ. ಮೊದಲು ಮುಂದಿನ ರೀಫ್ ಹಗ್ಗ, ಆಮೇಲೆ ಹಿಂದಿನದು. ಕೊನೆಗೆ ಹಾಯಿಯನ್ನು ಮತ್ತೆ ಬಿಗಿಯಾಗಿ ಎತ್ತಿ. ಬಟ್ಟೆ ಹರಿಯುವುದು ಸಾಮಾನ್ಯವಾಗಿ ವಿದ್ಯುತ್ ವಿಂಚಿನಿಂದ (ಹಗ್ಗ ಸುತ್ತಿ ಎಳೆಯುವ ರಾಟೆ): ಎಲ್ಲೋ ಸಿಕ್ಕಿಕೊಂಡ ಹಗ್ಗವನ್ನು ಅದು ಲೆಕ್ಕಿಸದೆ ಎಳೆಯುತ್ತದೆ. ಕೊನೆಯ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ, ಒಬ್ಬರು ಹಾಯಿಯನ್ನೇ ನೋಡುತ್ತಿರಲಿ.

ಪ್ರಶ್ನೆ: ನನಗೆ 64. ಬಸ್ಸಿನಲ್ಲೇ ವಾಂತಿ ಆಗುತ್ತದೆ, ಈಜು ಬರುವುದಿಲ್ಲ. ಮಗ ಕರೆಯುತ್ತಿದ್ದಾನೆ. ಹೋಗಲೇ? – ಓದುಗರು, ಉಡುಪಿ

ಹೋಗಿ ಅಮ್ಮ. ದ್ವೀಪಗಳ ಮರೆಯಲ್ಲಿ ಅಲೆ ಚಿಕ್ಕದು, ಹೆಚ್ಚಿನ ಪಯಣ ಎರಡು-ಮೂರು ಗಂಟೆಯದು. ಆದರೂ ಮಾತ್ರೆ ಬೇಕು, ಅದು ವಾಂತಿ ಶುರುವಾದ ಮೇಲೆ ಕೆಲಸಕ್ಕೆ ಬರುವುದಿಲ್ಲ. ಹಿಂದಿನ ರಾತ್ರಿ ಒಂದು, ಹೊರಡುವ ಒಂದು ಗಂಟೆ ಮೊದಲು ಇನ್ನೊಂದು ಎಂಬುದು ರೂಢಿ. ಅಮೆರಿಕದಲ್ಲಿ ಮೆಕ್ಲಿಜಿನ್ ಚೀಟಿಯಿಲ್ಲದೆ ಸಿಗುತ್ತದೆ. ನಮ್ಮಲ್ಲಿ ಸಿಗುವ ಸಿನಾರಿಜಿನ್ ಅಲ್ಲಿ ಸಿಗದು. ಇವು ನಿದ್ದೆ ತರಿಸುತ್ತವೆ. ಗ್ಲಾಕೋಮಾ, ಮೂತ್ರದ ತೊಂದರೆ, ಕೈನಡುಕ ಇದ್ದವರಿಗೆ ಕೆಲವು ಆಗುವುದಿಲ್ಲ. ನಿಮ್ಮ ಡಾಕ್ಟರಿಗೆ ಈಗಿನ ಮಾತ್ರೆಗಳನ್ನೆಲ್ಲ ತೋರಿಸಿ ಕೇಳಿ, ಮನೆಯಲ್ಲೇ ಒಂದು ದಿನ ತೆಗೆದುಕೊಂಡು ನೋಡಿ.

ದೋಣಿ ಓಡುವಾಗ ಕೆಳಗಿನ ಕ್ಯಾಬಿನ್‌ಗೆ ಇಳಿಯಬೇಡಿ, ಮೊಬೈಲ್ ನೋಡಬೇಡಿ. ಹಿಂಭಾಗದ ನಡುವೆ ಕೂತು ದಿಗಂತ ನೋಡಿ, ಅಲ್ಲಿ ಅಲುಗಾಟ ಕಡಿಮೆ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಒಗ್ಗರಣೆ ಅವಲಕ್ಕಿ, ಶುಂಠಿ ಸಾಕು.

ಈಜಿನ ವಿಷಯ ಮಗನಿಗೆ ಓದಿ ಹೇಳಿ: ದಿ ಬಾತ್ಸ್‌ನಲ್ಲಿ ಡಿಂಗಿಯನ್ನು (ದಡಕ್ಕೆ ಹೋಗಿಬರುವ ಪುಟ್ಟ ದೋಣಿ) ಮರಳಿಗೆ ಏರಿಸುವ ಹಾಗಿಲ್ಲ. ನೀರಿನಲ್ಲಿರುವ ಹಗ್ಗಕ್ಕೆ ಕಟ್ಟಿ ಈಜಿಕೊಂಡು ದಡ ಸೇರಬೇಕು, ಅಲೆ ಇದ್ದರೆ ಅದು ಈಜು ಬಲ್ಲವರಿಗೂ ಕಷ್ಟ. ಈಜು ಬಾರದವರನ್ನು ಸ್ಪ್ಯಾನಿಷ್ ಟೌನ್‌ನಲ್ಲಿ ಇಳಿಸಿ ಟ್ಯಾಕ್ಸಿಯಲ್ಲಿ ಕರೆದೊಯ್ಯಬೇಕು. ಮೇಲಿನಿಂದ ಕಾಲುದಾರಿ ಇದೆ, ದೈತ್ಯ ಗ್ರಾನೈಟ್ ಬಂಡೆಗಳನ್ನು ಕಾಲು ಒದ್ದೆ ಮಾಡಿಕೊಳ್ಳದೆಯೂ ನೋಡಬಹುದು. ಡಿಂಗಿಯಲ್ಲಿ ಕೂತಾಗಲೆಲ್ಲ ಲೈಫ್ ಜಾಕೆಟ್ ತೊಟ್ಟಿರಿ, ಸಂಕೋಚ ಬೇಡ.

ಪ್ರಶ್ನೆ: ಎಂಟು ಜನಕ್ಕೆ ನೀರು ಸಾಕಾಗುತ್ತದೆಯೇ? ಶೌಚಾಲಯ ಕಟ್ಟಿಕೊಳ್ಳುತ್ತದೆ ಎನ್ನುತ್ತಾರಲ್ಲ? – ಓದುಗರು, ಎಡಿಸನ್

ಗೆಳೆಯರ ನಡುವೆ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಇವೆರಡರಿಂದಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಟ್ಯಾಂಕ್ ಎಷ್ಟು ಲೀಟರ್ ಎಂದು ಮೊದಲೇ ಕೇಳಿ. ಈ ಅಳತೆಯ ದೋಣಿಗಳಲ್ಲಿ 350ರಿಂದ 800ರವರೆಗೂ ಇರುತ್ತದೆ. ತಲೆಗೆ ದಿನಕ್ಕೆ 20 ಲೀಟರ್ ಅಂದರೆ 160. ಅಂದರೆ 640 ಲೀಟರ್ ನಾಲ್ಕು ದಿನಕ್ಕೆ. ನಮ್ಮವರು ಎರಡು ಹೊತ್ತು ಸ್ನಾನ ಮಾಡಿ, ಅಕ್ಕಿ ಮೂರು ಸಲ ತೊಳೆದು, ಪಾತ್ರೆಯನ್ನು ನಲ್ಲಿ ಬಿಟ್ಟುಕೊಂಡು ಉಜ್ಜಿದರೆ ಎರಡೇ ದಿನ. ಸಮುದ್ರದಲ್ಲಿ ಮುಳುಗೆದ್ದು ಸೋಪು ಹಚ್ಚಿ, ಹಿಂಭಾಗದ ಶವರ್‌ನಲ್ಲಿ ಮೈ ತೊಳೆದರೆ ಮೂರು ಲೀಟರ್ ಸಾಕು. ಪಾತ್ರೆ ಉಪ್ಪುನೀರಿನಲ್ಲಿ ಉಜ್ಜಿ, ಸಿಹಿನೀರಿನಲ್ಲಿ ಒಮ್ಮೆ ಅದ್ದಿ. ಬಂದರಿನ ಒಳಗಿನ ನೀರು ಇದಕ್ಕೆ ಬೇಡ. ಕುಡಿಯಲು ತಲೆಗೆ ದಿನಕ್ಕೆ ಮೂರು ಲೀಟರ್ ಬೇರೆಯೇ ಕೊಳ್ಳಿ. ನೀರು ತಯಾರಿಸುವ ಯಂತ್ರ ಇದ್ದರೂ ಅದು ಕೆಡದೆಂದು ನಂಬಿ ಹೊರಡಬೇಡಿ. ದಿನವೂ ಬೆಳಿಗ್ಗೆ ಮಟ್ಟ ನೋಡಿ ಬರೆದಿಡಿ. ಯಾರೂ ನಲ್ಲಿ ತೆರೆಯದೆ ಪಂಪ್ ಆಗಾಗ ಟಕಟಕ ಅಂದರೆ ಎಲ್ಲೋ ಸೋರುತ್ತಿದೆ.

ಶೌಚಾಲಯದ ಕೊಳವೆ ಸಪೂರ, ಜೊತೆಗೆ ಸಮುದ್ರದ ನೀರು ಮತ್ತು ಮೂತ್ರ ಸೇರಿ ಒಳಗೆ ಸುಣ್ಣದಂಥ ಪದರ ಕಟ್ಟಿ ಇನ್ನೂ ಕಿರಿದಾಗುತ್ತದೆ. ಅಲ್ಲಿ ಕಾಗದ ಸಿಕ್ಕಿಕೊಳ್ಳುತ್ತದೆ. ನೀರು ಬಳಸುವ ನಮ್ಮ ಪದ್ಧತಿಯೇ ಇಲ್ಲಿ ಒಳ್ಳೆಯದು: ಒಂದು ಚಿಕ್ಕ ಚೊಂಬು ಒಯ್ಯಿರಿ, ಕಾಗದ ಬಳಸುವವರಿಗೆ ಮುಚ್ಚಳದ ಡಬ್ಬ ಇಡಿ. ವೆಟ್ ವೈಪ್ಸ್, ಸ್ಯಾನಿಟರಿ ಪ್ಯಾಡ್, ಉಳಿದ ಅನ್ನ ಯಾವುದೂ ಒಳಗೆ ಬೀಳಬಾರದು. ಕೈಪಂಪ್ ಆದರೆ ಲಿವರ್ ನೀರಿನ ಕಡೆ ಇಟ್ಟು 15-20 ಸಲ ಒತ್ತಿ, ಆಮೇಲೆ ಒಣ ಕಡೆ ಇಟ್ಟು ಬಟ್ಟಲು ಬರಿದು ಮಾಡಿ. ಏಳೆಂಟು ಸಲಕ್ಕೇ ನಿಲ್ಲಿಸಿದರೆ ಮಲ ಕೊಳವೆಯ ನಡುವೆ ನಿಲ್ಲುತ್ತದೆ. ಒತ್ತುವಾಗ ಬಿಗಿ ಅನ್ನಿಸಿದರೆ ಬಲ ಹಾಕಬೇಡಿ, ಮೊದಲು ಹೋಲ್ಡಿಂಗ್ ಟ್ಯಾಂಕ್ (ಮಲಮೂತ್ರ ಕೂಡಿಡುವ ತೊಟ್ಟಿ) ತುಂಬಿದೆಯೇ, ಕವಾಟ ತೆರೆದಿದೆಯೇ ನೋಡಿ. ಲಂಗರು ಹಾಕಿರುವಾಗ ಟ್ಯಾಂಕ್ ಮುಚ್ಚಿರಲಿ, ತೆರೆದ ಸಮುದ್ರದಲ್ಲಿ ಮಾತ್ರ ಬಿಡಿ. ಪಕ್ಕದ ದೋಣಿಯವರ ಮಕ್ಕಳು ಅದೇ ನೀರಿನಲ್ಲಿ ಈಜುತ್ತಿರುತ್ತಾರೆ.

ಇನ್ನೊಂದು: ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಒಳಗಿನ ಶವರ್‌ನಲ್ಲಿ ಸ್ನಾನ ಮಾಡಿದರೆ ಎಣ್ಣೆ ಮತ್ತು ಕೂದಲು ಸೇರಿ ನೀರೆತ್ತುವ ಪಂಪಿನ ಜಾಲರಿ ಕಟ್ಟುತ್ತದೆ. ಎರಡು ದಿನಕ್ಕೊಮ್ಮೆ ಬಿಚ್ಚಿ ತೊಳೆಯಿರಿ.

ಪ್ರಶ್ನೆ: ಮೂರಿಂಗ್ ಬಾಲ್ (ದೋಣಿ ಕಟ್ಟಲು ಸಮುದ್ರತಳಕ್ಕೆ ಬಿಗಿದ ತೇಲುಚೆಂಡು) ಹಿಡಿಯುವಾಗ ಗೆಳೆಯರು ಗಾಬರಿಯಾಗುತ್ತಾರೆ. ಸರಿಯಾದ ಕ್ರಮ ಯಾವುದು? – ಓದುಗರು, ಟೊರೊಂಟೊ

ಕೂಗಾಟ ನಿಲ್ಲಿಸಿ, ಕೈಸನ್ನೆ ಗೊತ್ತು ಮಾಡಿಕೊಳ್ಳಿ: ಬಾಲ್ ಇರುವ ಕಡೆಗೆ ತೋಳು ಚಾಚುವುದು, ಬೆರಳಿನಲ್ಲಿ ದೂರ ತೋರಿಸುವುದು, ಮುಷ್ಟಿ ಬಿಗಿದರೆ ನಿಲ್ಲು. ಡಿಂಗಿಯ ಹಗ್ಗ ಮೊದಲು ಗಿಡ್ಡ ಮಾಡಿ, ಹಿಂದಕ್ಕೆ ಬರುವಾಗ ಪ್ರೊಪೆಲರ್‌ಗೆ ಸುತ್ತಿಕೊಳ್ಳುವುದು ಅದೇ. ಗಾಳಿಗೆ ಎದುರಾಗಿ ನಿಧಾನ ಬನ್ನಿ. ಮುಂದೆ ನಿಂತವರು ಕೊಕ್ಕೆಕೋಲಿನಿಂದ ಬಾಲ್‌ನ ಹಗ್ಗದ ಕುಣಿಕೆಯನ್ನು ಎತ್ತಬೇಕು. ನಿಮ್ಮ ಎಡಗಡೆಯ ಹಗ್ಗ ಕುಣಿಕೆಯೊಳಗೆ ಹೋಗಿ ಎಡಗಡೆಯ ಗೂಟಕ್ಕೇ ಮರಳಬೇಕು, ಬಲಗಡೆಯದು ಬಲಕ್ಕೆ. ಒಂದೇ ಹಗ್ಗವನ್ನು ಈ ಬದಿಯಿಂದ ಆ ಬದಿಗೆ ಹಾಕಿದರೆ ದೋಣಿ ಓಲಾಡಿದಾಗಲೆಲ್ಲ ಹಗ್ಗ ಕುಣಿಕೆಯಲ್ಲಿ ಗರಗಸದಂತೆ ಉಜ್ಜಿ ರಾತ್ರಿಯೊಳಗೆ ಸವೆಯುತ್ತದೆ. ಸಿಗದಿದ್ದರೆ ಕೋಲು ಬಿಟ್ಟುಬಿಡಿ, ಸುತ್ತು ಹಾಕಿ ಮತ್ತೆ ಬನ್ನಿ. ಕೋಲು ಹಿಡಿದು ಟನ್ನುಗಟ್ಟಲೆ ತೂಗುವ ದೋಣಿ ನಿಲ್ಲಿಸಲು ಹೋದವರು ನೀರಿಗೆ ಬೀಳುತ್ತಾರೆ. ಕೊನೆಗೆ ಒಬ್ಬರು ಈಜುಗನ್ನಡಕ ಹಾಕಿ ನೀರಿಗಿಳಿದು ಕೆಳಗಿನ ಕೊಂಡಿ ನೋಡಲಿ.

ನ್ಯಾಷನಲ್ ಪಾರ್ಕ್ಸ್ ಟ್ರಸ್ಟ್‌ನ ಬಾಲ್‌ಗಳು ಹಗಲಿಗೆ ಮಾತ್ರ, ಅವುಗಳಲ್ಲಿ ನೀಲಿ ಬಣ್ಣದವು ಡಿಂಗಿಗಳಿಗೆ. ರಾತ್ರಿಯವು ಬೇರೆ, ಹಣ ಕೊಡಬೇಕು. ಹೆಸರಾದ ಜಾಗಗಳಲ್ಲಿ ಮಧ್ಯಾಹ್ನ ಎರಡರೊಳಗೆ ತುಂಬುತ್ತವೆ.

ಬಾಲ್ ಸಿಗದಿದ್ದರೆ ಲಂಗರು, ಅದಕ್ಕೆ ತಿಳಿಬಣ್ಣದ ಮರಳು ಹುಡುಕಿ. ಹವಳದ ಮೇಲೆ ಖಂಡಿತ ಬೇಡ, ಹುಲ್ಲಿನಲ್ಲಿ ಲಂಗರು ನಾಟುವುದೂ ಇಲ್ಲ. ನೀರು 5 ಮೀಟರ್, ಮೂತಿಯ ಎತ್ತರ ಒಂದೂವರೆ, ಉಬ್ಬರ ಅರ್ಧ. ಒಟ್ಟು 7, ಅದರ ಐದು ಪಟ್ಟು, ಅಂದರೆ 35 ಮೀಟರ್ ಸರಪಳಿ. ರಾತ್ರಿ ಗಾಳಿ ಜೋರಾದರೆ ಏಳು ಪಟ್ಟು. ನಮ್ಮ ಕರಾವಳಿಯಂತೆ ಒಂದೂವರೆ ಮೀಟರ್ ಮೀರುವ ಉಬ್ಬರ ಇಲ್ಲಿಲ್ಲ, ಅದೊಂದು ನೆಮ್ಮದಿ. ನಿಧಾನವಾಗಿ ಹಿಂದಕ್ಕೆ ಎಳೆಯುತ್ತ ದಡದ ಎರಡು ಗುರುತುಗಳನ್ನು ಒಂದೇ ಸಾಲಿನಲ್ಲಿ ನೋಡಿ. ಸಾಲು ತಪ್ಪಿದರೆ ಲಂಗರು ಜಾರುತ್ತಿದೆ.

ಪ್ರಶ್ನೆ: ನಡುವೆ ಎರಡು ದಿನಕ್ಕೆ ಇನ್ನೊಂದು ಜೋಡಿ ಸೇರಿಕೊಳ್ಳುವವರಿದ್ದಾರೆ. ಎಲ್ಲಿ ಹತ್ತಿಸಿಕೊಳ್ಳುವುದು? – ಓದುಗರು, ಅಟ್ಲಾಂಟಾ

ಟ್ರೆಲ್ಲಿಸ್ ಬೇ. ಬೀಫ್ ಐಲ್ಯಾಂಡ್ ವಿಮಾನ ನಿಲ್ದಾಣದಿಂದ ನಡೆದೇ ಬರಬಹುದು. ಆದರೆ ಜಾಗ ಅವರು ಆರಿಸಿದರೆ ದಿನ ನೀವು ಹೇಳಿ, ದಿನ ಅವರದಾದರೆ ಜಾಗ ನಿಮ್ಮದು. ಎರಡನ್ನೂ ಅವರಿಗೆ ಬಿಟ್ಟುಕೊಟ್ಟ ದಿನವೇ 28 ನಾಟ್ ಗಾಳಿಗೆ ಎದುರಾಗಿ ಹೊರಡಬೇಕಾಗುತ್ತದೆ, ದೋಣಿ ಅವಘಡಗಳು ಹುಟ್ಟುವುದು ಇಂಥ ಅವಸರದಲ್ಲಿ. ದೋಣಿಯ ಜನರ ಪಟ್ಟಿಗೆ ಅವರ ಹೆಸರನ್ನು ಮುಂಚೆಯೇ ಸೇರಿಸಿ ಕಂಪನಿಗೆ ತಿಳಿಸಿ.

ಸೇಂಟ್ ಥಾಮಸ್‌ಗೆ ಹಾರಿ ಅಲ್ಲಿಂದ ಫೆರಿಯಲ್ಲಿ ಬರುವವರು ನೆನಪಿಡಿ: ಸೇಂಟ್ ಥಾಮಸ್ ಅಮೆರಿಕದ್ದು, ಟಾರ್ಟೋಲಾ ಬ್ರಿಟನ್ನಿನದು. ಮರಳುವುದೆಂದರೆ ಅಮೆರಿಕವನ್ನು ಹೊಸದಾಗಿ ಪ್ರವೇಶಿಸಿದಂತೆ. ಎಚ್-1ಬಿಯಲ್ಲಿ ಕೆಲಸ ಮುಂದುವರಿದಿದ್ದರೂ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಮರಳಲು ಬಿಡುವುದಿಲ್ಲ. ಕೆನಡಾ-ಮೆಕ್ಸಿಕೋಗೆ ಹೋಗಿ ಮುಗಿದ ಮುದ್ರೆಯಲ್ಲೇ ಮರಳುವ ಮೂವತ್ತು ದಿನದ ಸವಲತ್ತು ಎಚ್-1ಬಿಯವರಿಗೆ ಇಲ್ಲಿ ಸಿಗದು. ಟಿಕೆಟ್ ಕೊಳ್ಳುವ ಮುನ್ನ ಪ್ರತಿಯೊಬ್ಬರ ಮುದ್ರೆಯ ತಾರೀಖು ನೋಡಿ.

ಪ್ರಶ್ನೆ: ದಡದಲ್ಲಿ ಮಕ್ಕಳನ್ನು ಬಿಟ್ಟರೆ ಏನಾದರೂ ಅಪಾಯವೇ? – ಓದುಗರು, ಮೈಸೂರು

ಮ್ಯಾಂಚಿನೀಲ್ ಮರ. ಕಡಲಂಚಿನಲ್ಲೇ ಬೆಳೆಯುತ್ತದೆ, ಸಣ್ಣ ಹಸಿರು ಸೇಬಿನಂಥ ಹಣ್ಣು. ಹಾಲು ತಗುಲಿದರೆ ಚರ್ಮ ಬೊಬ್ಬೆ ಬರುತ್ತದೆ, ಹಣ್ಣು ತಿಂದರೆ ಬಾಯಿ-ಗಂಟಲು ಸುಡುತ್ತದೆ. ಮಳೆ ಬಂದಾಗ ಅದರ ಕೆಳಗೆ ನಿಲ್ಲಲೇಬಾರದು, ಎಲೆಯಿಂದ ತೊಟ್ಟಿಕ್ಕುವ ನೀರಿನಲ್ಲೂ ವಿಷವಿರುತ್ತದೆ. ಮರಳ ಮೇಲೆ ಬಿದ್ದ ಯಾವ ಹಣ್ಣನ್ನೂ ಮುಟ್ಟಬಾರದೆಂದು ದೋಣಿ ಇಳಿಯುವ ಮುನ್ನವೇ ಮಕ್ಕಳಿಗೆ ಹೇಳಿ.