ಸ್ಮಾರ್ಟ್ ಮೀಟರ್ ಡಿಸ್‌ಪ್ಲೇಯಲ್ಲಿ ಅಂಕಿ ಬರುತ್ತಿಲ್ಲವೇ?

ರೂಟರ್ ಜಾಗ ಬದಲಿಸಿದ ಮೇಲೆ ಡಿಸ್‌ಪ್ಲೇ (ಕರೆಂಟ್, ಗ್ಯಾಸ್ ಬಳಕೆ ತೋರಿಸುವ ಪುಟ್ಟ ಪರದೆ) ಬರೀ 'ಡೇಟಾಗಾಗಿ ಕಾಯುತ್ತಿದೆ' ಎನ್ನುತ್ತಿದೆ ಎಂದಿದ್ದೀರಿ. ಮೀಟರ್ ಕೆಟ್ಟಿರಲಿಕ್ಕಿಲ್ಲ, ಮೀಟರ್ ಮತ್ತು ಡಿಸ್‌ಪ್ಲೇ ನಡುವಿನ ಜಿಗ್‌ಬೀ (ಹತ್ತಿರದ ಸಾಧನಗಳನ್ನು ಜೋಡಿಸುವ ವೈರ್‌ಲೆಸ್) ಸಿಗ್ನಲ್ ತಪ್ಪಿರಬೇಕು. ಬ್ರಿಟನ್ನಿನ ದಪ್ಪ ಇಟ್ಟಿಗೆ ಗೋಡೆಗಳಲ್ಲಿ ಇದು ಸಾಮಾನ್ಯ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು.

ಮೊದಲು ಡಿಸ್‌ಪ್ಲೇಯನ್ನು ರೂಟರ್, ಮೈಕ್ರೋವೇವ್‌ಗಳಿಂದ ದೂರ, ಕರೆಂಟ್ ಮೀಟರ್ ಪಕ್ಕಕ್ಕೆ ತನ್ನಿ. ಪ್ಲಗ್ ತೆಗೆದು, ಬ್ಯಾಟರಿ ಇದ್ದರೆ ಅದನ್ನೂ ಆಫ್ ಮಾಡಿ. ಐದು ನಿಮಿಷ ಬಿಟ್ಟು ಆನ್ ಮಾಡಿ, ಒಂದೆರಡು ಗಂಟೆ ಅಲ್ಲೇ ಇರಲಿ. ಸುಮ್ನೆ ಪದೇ ಪದೇ ರೀಸೆಟ್ ಒತ್ತಬೇಡಿ. ಗ್ಯಾಸ್ ಅಂಕಿ ಅರ್ಧ ಗಂಟೆಗೊಮ್ಮೆ ಮಾತ್ರ ಬದಲಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಅಂಕಿ ಬಂದರೆ ನಿಧಾನವಾಗಿ ಹಳೆಯ ಜಾಗದ ಕಡೆಗೆ ಸರಿಸಿ ನೋಡಿ, ಎಲ್ಲಿ ತಪ್ಪುತ್ತದೆ ಅಂತ ಗೊತ್ತಾಗುತ್ತದೆ. ಬರಲೇ ಇಲ್ಲವೆಂದರೆ ಡಿಸ್‌ಪ್ಲೇಯೇ ಕೆಟ್ಟಿದೆಯೋ, ಮೀಟರ್ ಮೇಲಿರುವ, ಸಿಗ್ನಲ್ ಕಳಿಸುವ ಕಮ್ಯುನಿಕೇಷನ್ ಹಬ್ ಕೆಟ್ಟಿದೆಯೋ ಎಂದು ಇಲ್ಲಿಂದ ಹೇಳುವುದು ಕಷ್ಟ. ಆಗ ಸಪ್ಲೈಯರ್‌ಗೆ (ಕರೆಂಟ್, ಗ್ಯಾಸ್ ಕೊಡುವ ಕಂಪನಿಗೆ) ಫೋನ್ ಮಾಡಿ. ಮೀಟರ್ ಹಾಕಿ ಇನ್ನೂ 12 ತಿಂಗಳಾಗಿರದಿದ್ದು, ಡಿಸ್‌ಪ್ಲೇ ನಿಮ್ಮಿಂದ ಕೆಟ್ಟಿಲ್ಲವಾದರೆ ಅವರೇ ಅದನ್ನು ಉಚಿತವಾಗಿ ಸರಿಮಾಡಬೇಕು ಅಥವಾ ಬದಲಿಸಬೇಕು.

ಬಿಲ್ ಜಾಸ್ತಿ ಬರುತ್ತದೆಯೇ ಎಂದೂ ಕೇಳಿದ್ದೀರಲ್ವಾ? ಬಿಲ್ ಮೀಟರ್ ರೀಡಿಂಗ್‌ನಿಂದ ಬರುತ್ತದೆ, ಡಿಸ್‌ಪ್ಲೇಯಿಂದಲ್ಲ. ಆದರೂ ಇವತ್ತೇ ಮೀಟರ್ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ.