ಸ್ಪಾ ಬಾಗಿಲಲ್ಲಿ ಹಿಂಜರಿಯಬೇಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋಟೆಲ್ ಸ್ಪಾ, ಫೇಶಿಯಲ್ ಅಂತ ಬಂದ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೊಸ ಓದುಗರಿಗೆ ಹೇಳಿಬಿಡುತ್ತೇನೆ: ನಾನು ಬೆಂಗಳೂರಿನ ಪಂಚತಾರಾ ಹೋಟೆಲ್‌ಗಳ ಸ್ಪಾಗಳಲ್ಲಿ ಥೆರಪಿಸ್ಟ್ ಆಗಿದ್ದವಳು. ಈಗ ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಟ್ರೇನಿಂಗ್ ಕೊಡುತ್ತೇನೆ. ಡಾಕ್ಟರ್ ಅಲ್ಲ.

ಪ್ರಶ್ನೆ: ಹುಟ್ಟುಹಬ್ಬಕ್ಕೆ ಅಂತ ಮಗಳು ಬೆಂಗಳೂರಿನ ದೊಡ್ಡ ಹೋಟೆಲೊಂದರ ಸ್ಪಾದಲ್ಲಿ ಫೇಶಿಯಲ್‌ಗೆ ಗಿಫ್ಟ್ ವೋಚರ್ ಕೊಟ್ಟಿದ್ದಾಳೆ. ನನಗೆ 54 ವರ್ಷ. ಊರಿನ ಪಾರ್ಲರ್‌ನಲ್ಲಿ ಹುಬ್ಬು ಮಾಡಿಸಿದ್ದು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಅಲ್ಲಿ ಬಟ್ಟೆ ಬಿಚ್ಚಬೇಕಾ? ಮಾಂಗಲ್ಯ ತೆಗೆಯಬೇಕಾ? ಇಂಗ್ಲಿಷ್ ಬರಲ್ಲ. ಹೋಗಲೋ ಬೇಡವೋ?
– ಓದುಗರೊಬ್ಬರು, ತಿಪಟೂರು

ಉತ್ತರ: ಹೋಗಿ ಅಮ್ಮಾ. ಮಗಳು ಪ್ರೀತಿಯಿಂದ ಕೊಟ್ಟಿದ್ದಾಳೆ, ಬೀರುವಿನಲ್ಲಿಟ್ಟು ತಾರೀಕು ಮೀರಿಸಬೇಡಿ. ವೋಚರ್ ಮೇಲೆ ಕೊನೆಯ ದಿನಾಂಕ ಇರುತ್ತದೆ, ಮೊದಲು ಅದನ್ನು ನೋಡಿ. ಆಮೇಲೆ ಮಗಳ ಕೈಲೇ ಫೋನ್ ಮಾಡಿಸಿ ಸಮಯ ಗೊತ್ತು ಮಾಡಿಕೊಳ್ಳಿ. ಆಗಲೇ ಎರಡು ವಿಷಯ ಕೇಳಿಸಿ. ತೆರಿಗೆ ಸೇರಿಯೇ ವೋಚರ್ ಕೊಟ್ಟಿದ್ದಾರಾ ಅಥವಾ ಅಲ್ಲಿ ಮತ್ತೆ ಕಟ್ಟಬೇಕಾ? ಫೇಶಿಯಲ್ ಮಾಡುವವರು ಹೆಂಗಸರೇ ತಾನೇ? ಎರಡನೆಯದಕ್ಕೆ ಬಹುತೇಕ ಹೌದು ಅಂತಲೇ ಉತ್ತರ ಬರುತ್ತದೆ. ಆದರೂ ಕೇಳಿದರೆ ಮನಸ್ಸಿಗೆ ಸಮಾಧಾನ.

ಹೇಳಿದ ಸಮಯಕ್ಕಿಂತ ಇಪ್ಪತ್ತು ನಿಮಿಷ ಮುಂಚೆ ಅಲ್ಲಿರಿ. ಬೆಂಗಳೂರಿನ ಟ್ರಾಫಿಕ್ ಗೊತ್ತಲ್ಲ. ತಡವಾದರೆ ಆ ಹೊತ್ತು ನಿಮ್ಮ ಫೇಶಿಯಲ್‌ನಲ್ಲೇ ಕಟ್ ಆಗುತ್ತದೆ, ಯಾಕೆಂದರೆ ನಿಮ್ಮ ಹಿಂದೆ ಇನ್ನೊಬ್ಬರಿಗೆ ಅದೇ ರೂಮ್ ಬುಕ್ ಆಗಿರುತ್ತದೆ. ಗೇಟಿನಲ್ಲಿ ಕಾರಿನ ಡಿಕ್ಕಿ ತೆಗೆಸಿ ನೋಡುತ್ತಾರೆ, ಬ್ಯಾಗನ್ನು ಸ್ಕ್ಯಾನರ್‌ಗೆ ಹಾಕಿಸುತ್ತಾರೆ. ಗಾಬರಿ ಬೇಡ. 2008ರ ಮುಂಬೈ ದಾಳಿ ಆದಮೇಲೆ ದೊಡ್ಡ ಹೋಟೆಲ್‌ಗಳಲ್ಲಿ ಈ ತಪಾಸಣೆ ಬಿಗಿಯಾಯಿತು. ಮಂತ್ರಿ ಬಂದರೂ ಬ್ಯಾಗ್ ಹಾಕಲೇಬೇಕು. ಆಟೋದಲ್ಲಿ ಹೋದರೂ ಏನೂ ಅವಮಾನ ಇಲ್ಲ. ಸ್ಪಾ ಎಲ್ಲಿ ಅಂತ ಬಾಗಿಲಲ್ಲಿ ಕೇಳಿದರೆ ಯಾರಾದರೂ ಕರೆದುಕೊಂಡು ಹೋಗಿ ಬಿಡುತ್ತಾರೆ.

ಒಳಗೆ ಕೂರಿಸಿ, ಕುಡಿಯಲು ಏನಾದರೂ ಕೊಟ್ಟು, ಒಂದು ಫಾರ್ಮ್ ಕೊಡುತ್ತಾರೆ. ಈ ಫಾರ್ಮನ್ನು ಸುಮ್ನೆ ಸಹಿ ಮಾಡಿ ಕೊಡಬೇಡಿ. ಬಿ.ಪಿ., ಶುಗರ್, ಥೈರಾಯ್ಡ್, ನುಂಗುತ್ತಿರುವ ಮಾತ್ರೆ, ಮುಖಕ್ಕೆ ಹಚ್ಚುವ ಕ್ರೀಮ್, ಆಗದ ಎಣ್ಣೆ, ಇತ್ತೀಚೆಗೆ ಆದ ಆಪರೇಷನ್, ಎಲ್ಲ ಹೇಳಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಬ್ಲ್ಯಾಕ್‌ಹೆಡ್ ಒತ್ತಿ ತೆಗೆದರೆ ನೀಲಿ ಕಟ್ಟಬಹುದು. ಕೆಲವರಿಗೆ ಬಾದಾಮಿ ಎಣ್ಣೆ ಆಗಲ್ಲ. ನೀವು ಹೇಳದಿದ್ದರೆ ಆ ಹುಡುಗಿಗೆ ಹೇಗೆ ಗೊತ್ತಾಗಬೇಕು? ಫಾರ್ಮ್ ಇಂಗ್ಲಿಷಿನಲ್ಲಿದ್ದರೆ ಓದಿ ಹೇಳಿ ಅಂತ ಕೇಳಿ. ರಿಸೆಪ್ಷನ್‌ನಲ್ಲಿ ಕನ್ನಡ ಬರುವವರು ಸಾಮಾನ್ಯವಾಗಿ ಒಬ್ಬರಾದರೂ ಇರುತ್ತಾರೆ.

ಈಗ ನಿಮ್ಮ ಮುಖ್ಯ ಭಯಕ್ಕೆ ಬರೋಣ. ಫೇಶಿಯಲ್‌ಗೆ ಬೇಕಾಗಿರುವುದು ಮುಖ, ಕತ್ತು, ಭುಜ, ಎದೆಯ ಮೇಲ್ಭಾಗ ಅಷ್ಟೇ. ಅದಕ್ಕೆ ಬ್ಲೌಸ್ ಅಥವಾ ಕಮೀಜ್ ತೆಗೆದು, ಅವರು ಕೊಡುವ ಬಟ್ಟೆಯನ್ನು ಕಂಕುಳ ಕೆಳಗಿಂದ ಸುತ್ತಿಕೊಳ್ಳಬೇಕು. ಕೆಳಗಿನ ಬಟ್ಟೆ ಹಾಗೇ ಇರಲಿ. ನೀವು ಬಟ್ಟೆ ಬದಲಿಸುವಾಗ ಥೆರಪಿಸ್ಟ್ ಹೊರಗೆ ಹೋಗುತ್ತಾಳೆ. ನೀವು ಮಲಗಿ ಹೊದಿಕೆ ಎಳೆದುಕೊಂಡ ಮೇಲೆ ಬಾಗಿಲು ತಟ್ಟಿ ಬರುತ್ತಾಳೆ. ಸೀರೆಗಿಂತ ಅವತ್ತು ಚೂಡಿದಾರ ವಾಸಿ, ಹೊರಡುವಾಗ ನೆರಿಗೆ ಹಿಡಿಯುವ ಕಷ್ಟ ಇರಲ್ಲ.

ಮಾಂಗಲ್ಯ ತೆಗೆಯಬೇಕಿಲ್ಲ. ತೆಗೆಯಿರಿ ಅಂತ ಒತ್ತಾಯ ಮಾಡುವ ಹಕ್ಕು ಅಲ್ಲಿ ಯಾರಿಗೂ ಇಲ್ಲ. ‘ಇದು ಹೀಗೇ ಇರಲಿ’ ಅನ್ನಿ ಸಾಕು. ಸರವನ್ನು ಒಂದು ಪಕ್ಕಕ್ಕೆ ಸರಿಸಿ, ಮೇಲೆ ಟಿಶ್ಯೂ ಇಟ್ಟು ಮುಚ್ಚಿ ಕೆಲಸ ಮಾಡಲು ನಮ್ಮ ಹುಡುಗಿಯರಿಗೆ ಕಲಿಸಿರುತ್ತೇವೆ. ಕರಿಮಣಿ ದಾರದಲ್ಲಿ ಪೋಣಿಸಿದ್ದಾದರೆ ಮುಂಚೆಯೇ ಹೇಳಿ, ದಾರ ಎಣ್ಣೆ ಕುಡಿದುಬಿಡುತ್ತದೆ. ಮೂಗುತಿ ಇರಲಿ, ಆದರೆ ಅದರ ಸುತ್ತ ಸ್ಕ್ರಬ್ ಬೇಡ ಅನ್ನಿ. ಸ್ಕ್ರಬ್‌ನ ಸಣ್ಣ ಕಾಳು ಅದರ ಕೆಳಗೆ ಸಿಕ್ಕಿಕೊಂಡರೆ ಎರಡು ದಿನ ಕಿರಿಕಿರಿ. ಜುಮುಕಿ, ಬಳೆ ಮನೆಯಲ್ಲೇ ಬಿಟ್ಟು ಬನ್ನಿ.

ಭಾಷೆ ವಿಷಯ. ಥೆರಪಿಸ್ಟ್‌ಗಳಲ್ಲಿ ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ ಕಡೆಯ ಹುಡುಗಿಯರು ಬಹಳ. ಮನೆ ಬಿಟ್ಟು ಅಷ್ಟು ದೂರದಿಂದ ಬಂದವರು. ನಾನು ಟ್ರೇನಿಂಗ್‌ನಲ್ಲಿ ಮೊದಲ ದಿನವೇ ಬಿಸಿ, ನೋವು, ಮೆಲ್ಲಗೆ, ಸಾಕು ಅಂತ ನಾಲ್ಕು ಮಾತು ಬಾಯಿಪಾಠ ಮಾಡಿಸುತ್ತೇನೆ. ಒಂದು ಗಂಟೆಗೆ ಇಷ್ಟು ಸಾಕು. ಬರದವಳು ಸಿಕ್ಕಿದರೆ ಕೈ ಎತ್ತಿ. ಕೈ ಎತ್ತಿದರೆ ನಿಲ್ಲಿಸಲೇಬೇಕು.

ಮೊದಲು ಮುಖ ತೊಳೆದು, ಸ್ಕ್ರಬ್ ಮಾಡಿ, ಸ್ಟೀಮ್ ಕೊಡುತ್ತಾರೆ. ಆಮೇಲೆ ಬ್ಲ್ಯಾಕ್‌ಹೆಡ್ ತೆಗೆಯುವುದು. ನೋವಾಗುವುದು ಇದೊಂದೇ, ಬೇಡ ಅನಿಸಿದರೆ ಬೇಡ ಅನ್ನಿ. ನಂತರ ಮಸಾಜ್, ಮಾಸ್ಕ್. ಮಾಸ್ಕ್ ಒಣಗುವಷ್ಟು ಹೊತ್ತು ಕೈ ಅಥವಾ ಕಾಲು ಒತ್ತುತ್ತಾರೆ. ಹೆಚ್ಚಿನವರು ಆಗಲೇ ನಿದ್ದೆ ಹೋಗುವುದು. ಗೊರಕೆ ಬಂದರೂ ನಮಗೆ ಅಭ್ಯಾಸ. ಕಣ್ಣಿನ ಮೇಲೆ ಹತ್ತಿ ಇಟ್ಟು ಮುಖವೆಲ್ಲ ಮುಚ್ಚುವುದು ಕೆಲವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ. ಅಂಥವರು ಮೊದಲೇ ಹೇಳಬೇಕು, ಬಾಯಿ ಸುತ್ತ ಬಿಟ್ಟು ಹಚ್ಚುತ್ತಾರೆ. ಮುಗಿದ ಮೇಲೆ ಸಂಜೆ ತನಕ ಹಣೆಗೆ ಸ್ಟಿಕರ್ ಬೇಡ. ಸ್ಕ್ರಬ್ ಆದ ಚರ್ಮಕ್ಕೆ ಆ ಅಂಟು ಉರಿಯುತ್ತದೆ.

ಪ್ರಶ್ನೆ: ನಮ್ಮೂರ ಪಾರ್ಲರ್‌ನಲ್ಲಿ 900 ರೂಪಾಯಿಗೆ ಫೇಶಿಯಲ್ ಮಾಡುತ್ತಾರೆ. ಹೋಟೆಲ್ ಸ್ಪಾದಲ್ಲಿ 6,500 ಕೇಳಿದರು, ತೆರಿಗೆ ಬೇರೆ. ಏಳು ಪಟ್ಟು ಬೆಳ್ಳಗಾಗುತ್ತೇವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಏಳು ಪಟ್ಟೂ ಇಲ್ಲ, ಒಂದು ಪಟ್ಟೂ ಇಲ್ಲ. ಫೇಶಿಯಲ್‌ನಿಂದ ಬಣ್ಣ ಬದಲಾಗಲ್ಲ, ಪಾರ್ಲರ್‌ನಲ್ಲೂ ಇಲ್ಲ, ಹೋಟೆಲ್‌ನಲ್ಲೂ ಇಲ್ಲ. ಫೇರ್ ಅಂಡ್ ಲವ್ಲಿ ಕಂಪನಿಯವರೇ 2020ರಲ್ಲಿ ‘ಫೇರ್’ ಕಿತ್ತು ‘ಗ್ಲೋ’ ಹಾಕಿದರು. ನೀವಿನ್ನೂ ಅದನ್ನೇ ಹಿಡಿದುಕೊಂಡರೆ ಹೇಗೆ? ಸತ್ತ ಚರ್ಮ ಹೋಗುತ್ತದೆ, ಮಸಾಜ್‌ಗೆ ರಕ್ತ ಓಡುತ್ತದೆ, ಕ್ರೀಮಿನ ತೇವ ನಿಲ್ಲುತ್ತದೆ. ಆ ಹೊಳಪು ಕೆಲವು ದಿನ. ಚರ್ಮದ ಮೇಲ್ಪದರ ಹೇಗೂ ಸುಮಾರು ತಿಂಗಳಿಗೊಮ್ಮೆ ತಾನೇ ಹೊಸದಾಗುತ್ತದೆ, ವಯಸ್ಸಾದಂತೆ ಇನ್ನೂ ನಿಧಾನ.

ಹಾಗಾದರೆ ಆ ದುಡ್ಡು ಯಾವುದಕ್ಕೆ? ಜಾಸ್ತಿ ಪಾಲು ಜಾಗಕ್ಕೆ. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್ ಹೋಟೆಲ್ 1887ರಿಂದ ಇದೆ, 20 ಎಕರೆ ತೋಟದ ನಡುವೆ. ಅಂಥ ಕಡೆ ನೀವು ಕೊಡುವ ಫೇಶಿಯಲ್ ದುಡ್ಡಲ್ಲಿ ಆ ಮರಗಳಿಗೂ ಪಾಲಿದೆ ಅಂತ ತಿಳಿಯಿರಿ. ಇನ್ನೊಂದು ಪಾಲು ಒಬ್ಬರಿಗೆ ಒಂದು ರೂಮ್, ಒಗೆದ ಬಟ್ಟೆ, ಮಧ್ಯದಲ್ಲಿ ಎದ್ದುಹೋಗಿ ಇನ್ನೊಬ್ಬರ ಹುಬ್ಬು ಮಾಡದ ಥೆರಪಿಸ್ಟ್. ಅದು ಸಣ್ಣ ವಿಷಯ ಅಲ್ಲ. ಮನೆಯಲ್ಲಿ ಒಂದು ಗಂಟೆ ಯಾರೂ ಕರೆಯದೆ ಮಲಗಿದ್ದು ನಿಮಗೆ ನೆನಪಿದೆಯಾ? ಅದಕ್ಕೆ ದುಡ್ಡು ಕೊಡಬೇಕು ಅನಿಸಿದರೆ, ಕೊಡುವ ಶಕ್ತಿ ಇದ್ದರೆ, ಕೊಡಿ. ಚರ್ಮಕ್ಕೋಸ್ಕರ ಅಂತ ಮಾತ್ರ ಸಾಲ ಮಾಡಿ ಹೋಗಬೇಡಿ.

ಒಳ್ಳೆಯ ಪಾರ್ಲರ್ ಖಂಡಿತ ಇರುತ್ತದೆ. ಕೂರುವ ಮುಂಚೆ ನೋಡಿಕೊಳ್ಳಿ. ಆಕೆ ಕೈ ತೊಳೆದುಕೊಂಡಳಾ? ಟವೆಲ್ ಹೊಸದಾ, ಹಿಂದಿನವರದಾ? ಡಬ್ಬಿಯಿಂದ ಕ್ರೀಮನ್ನು ಬೆರಳಲ್ಲಿ ಬಾಚುತ್ತಾಳಾ, ಚಮಚದಲ್ಲಿ ತೆಗೆಯುತ್ತಾಳಾ? ಬ್ಲ್ಯಾಕ್‌ಹೆಡ್ ಕಡ್ಡಿಯನ್ನು ಸ್ಟೆರಿಲೈಜ್ ಮಾಡುತ್ತಾಳಾ, ಸೆರಗಲ್ಲಿ ಒರೆಸುತ್ತಾಳಾ? ಸೆರಗಲ್ಲಿ ಒರೆಸಿದರೆ ಎದ್ದು ಬನ್ನಿ.

ತೆರಿಗೆಯ ಮಾತು ಬಂತಲ್ಲ. ಸೌಂದರ್ಯ ಸೇವೆಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಹಳೆಯ ದರ ಕಂಡರೆ ಯಾಕೆ ಅಂತ ಕೇಳಿ. ಸರ್ವಿಸ್ ಚಾರ್ಜ್ ಅಂತ ಬೇರೆ ಸಾಲು ಇದ್ದರೆ ಅದನ್ನೂ ಕೇಳಿ. ಹೋಟೆಲ್, ರೆಸ್ಟೋರೆಂಟ್‌ಗಳು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಟಿಪ್ಸ್ ಕೊಡುವುದು ಬಿಡುವುದು ನಿಮ್ಮ ಖುಷಿ. ಕೊಡುವುದಾದರೆ ಆ ಹುಡುಗಿಯ ಕೈಗೇ ಕೊಡಿ.

ಇನ್ನೊಂದು. ಮುಗಿದು ಹೊರಬರುವಾಗ ‘ಮೇಡಂ, ನಿಮ್ಮ ಸ್ಕಿನ್ ತುಂಬಾ ಡ್ರೈ ಇದೆ’ ಅಂತ ಸೀರಮ್ಮು, ಕ್ರೀಮು ಮುಂದಿಡುತ್ತಾರೆ. ಬೈಯಬೇಡಿ, ಅವರಿಗೆ ತಿಂಗಳ ಟಾರ್ಗೆಟ್ ಇರುತ್ತದೆ. ‘ಹೆಸರು ಬರೆದುಕೊಡಿ, ಯೋಚಿಸಿ ಹೇಳ್ತೀನಿ’ ಅಂದು ಬನ್ನಿ.

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು, 61 ವರ್ಷ. ಸೊಸೆ ‘ಮಾವ, ನೀವೂ ಒಂದ್ಸಲ ಫೇಶಿಯಲ್ ಮಾಡಿಸಿ’ ಅನ್ನುತ್ತಾಳೆ. ಗಂಡಸರು ಹೋದರೆ ನಗುತ್ತಾರಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಯಾರೂ ನಗಲ್ಲ ಸರ್. ಹೋಟೆಲ್ ಸ್ಪಾಗೆ ಗಂಡಸರು ಬೇಕಾದಷ್ಟು ಜನ ಬರುತ್ತಾರೆ, ಮೀಟಿಂಗ್‌ಗೆ ಬಂದು ಉಳಿದುಕೊಂಡವರಂತೂ ಜಾಸ್ತಿ. ಗಡ್ಡವನ್ನು ಹಿಂದಿನ ದಿನ ಸಂಜೆಯೇ ಬೋಳಿಸಿಕೊಳ್ಳಿ. ಅವತ್ತೇ ಬೋಳಿಸಿ ಹೋದರೆ ಸ್ಕ್ರಬ್ ಮುಟ್ಟಿದ ಕೂಡಲೇ ಉರಿ. ಗಡ್ಡ ಬಿಟ್ಟಿದ್ದರೆ ಹಾಗೇ ಹೋಗಿ. ಮಾಡುವವರು ಗಂಡಸೇ ಇರಲಿ ಅನಿಸಿದರೆ ಬುಕ್ ಮಾಡುವಾಗಲೇ ಹೇಳಿ. ಹಾಂ, ಮೊಬೈಲ್ ಲಾಕರ್‌ನಲ್ಲೇ ಇರಲಿ.

ಪ್ರಶ್ನೆ: ಎರಡನೇ ಬಾಣಂತನದ ನಂತರ ಎರಡೂ ಕೆನ್ನೆಗೆ ಬಂಗು ಬಂದಿದೆ. ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮ್ ಹಚ್ಚಿದಾಗ ತಿಳಿಯಾಯಿತು, ಬಿಟ್ಟರೆ ಕೆಂಪಾಗಿ ಉರಿಯುತ್ತದೆ. ದೊಡ್ಡ ಸ್ಪಾದಲ್ಲಿ ಒಳ್ಳೆಯ ಫೇಶಿಯಲ್ ಮಾಡಿಸಿದರೆ ಹೋಗುತ್ತದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ. ಸದ್ಯಕ್ಕೆ ಯಾವ ಸ್ಪಾಗೂ ಹೋಗಬೇಡಿ, ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಕ್ರೀಮಿನ ಟ್ಯೂಬ್ ಖಾಲಿಯಾಗಿದ್ದರೂ ಅದನ್ನೇ ತೆಗೆದುಕೊಂಡು ಹೋಗಿ ತೋರಿಸಿ.

ನೀವು ಬರೆದದ್ದು ನೋಡಿದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು ಅನ್ನುವ ಅನುಮಾನ ನನಗೆ. ಹಚ್ಚಿದಾಗ ಬೇಗ ತಿಳಿಯಾಗುವುದು, ಬಿಟ್ಟರೆ ಕೆಂಪಾಗಿ ಉರಿಯುವುದು ಅದರ ಲಕ್ಷಣ. ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಮುಖದಲ್ಲಿ ಕೂದಲು ಬೆಳೆಯುವುದೂ ಉಂಟು. ಈ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಆದರೂ ನಿಮ್ಮಂಥವರ ಪತ್ರ ಬರುವುದು ನಿಂತಿಲ್ಲ. ಹಾಗಂತ ಇವತ್ತೇ ನೀವಾಗಿಯೇ ನಿಲ್ಲಿಸಲೂ ಹೋಗಬೇಡಿ. ಹೇಗೆ ಬಿಡಬೇಕು ಅಂತ ಡಾಕ್ಟರೇ ಹೇಳಲಿ.

ಅಂಥ ತೆಳು ಚರ್ಮಕ್ಕೆ ಸ್ಟೀಮ್, ಸ್ಕ್ರಬ್, ಬ್ಲೀಚ್ ಬಿದ್ದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬರು ಫಾರ್ಮ್‌ನಲ್ಲಿ ಕ್ರೀಮಿನ ವಿಷಯ ಬರೆಯದೆ ಮಲಗಿದರು. ಸ್ಟೀಮ್ ಶುರುವಾಗಿ ಸ್ವಲ್ಪ ಹೊತ್ತಿಗೇ ಮುಖ ಟೊಮ್ಯಾಟೊ ಆಯಿತು. ತಣ್ಣೀರು ಬಟ್ಟೆ ಹಾಕಿ ಅಲ್ಲಿಗೇ ನಿಲ್ಲಿಸಿ ಕಳಿಸಿದೆವು. ಬರೀ ಬಂಗು ಇದ್ದರೂ ಸ್ಟೀಮ್ ಬೇಡ ಅಂತಲೇ ನಾನು ಹೇಳುವುದು, ಬಿಸಿಗೆ ಬಂಗು ಕಪ್ಪಾಗುತ್ತದೆ. ಬಿಸಿಲಿಗಂತೂ ಇನ್ನೂ ಜಾಸ್ತಿ. ಎಸ್.ಪಿ.ಎಫ್. 30ಕ್ಕಿಂತ ಕಡಿಮೆ ಇಲ್ಲದ ಸನ್‌ಸ್ಕ್ರೀನ್ ಹಚ್ಚಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಬಂಗು ಇರುವವರಿಗೆ ಇನ್ನೂ ಒಳ್ಳೆಯದು. ಯಾರಾದರೂ ನಿಂಬೆಹಣ್ಣು ಉಜ್ಜಿ ಅಂದರೆ ಕೇಳಬೇಡಿ. ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಕಲೆಯೇ ಆಗುತ್ತದೆ.

ಸ್ಪಾಗೆ ಅಂತಿದ್ದ ದುಡ್ಡನ್ನು ಡಾಕ್ಟರ್ ಫೀಸಿಗೂ ಸನ್‌ಸ್ಕ್ರೀನ್‌ಗೂ ಇಟ್ಟುಕೊಳ್ಳಿ. ದುಡ್ಡಿನ ತೊಂದರೆ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರ್ ಯಾವ ದಿನ ಸಿಗುತ್ತಾರೆ ಅಂತ ವಿಚಾರಿಸಿ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಮದುವೆ. ಧಾರೆಯ ಹಿಂದಿನ ದಿನ ಹೋಟೆಲ್ ಸ್ಪಾದಲ್ಲಿ ಫೇಶಿಯಲ್, ಬ್ಲೀಚ್, ವ್ಯಾಕ್ಸಿಂಗ್ ಎಲ್ಲ ಒಟ್ಟಿಗೆ ಮಾಡಿಸಬೇಕು ಅಂತಿದ್ದೇನೆ. ರಾತ್ರಿ ರೆಟಿನಾಲ್ ಹಚ್ಚುತ್ತೇನೆ. ಸರಿಯಾ?
– ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ಬೇಡ ಕಣಮ್ಮಾ. ಹಿಂದಿನ ದಿನ ಮುಖದ ಮೇಲೆ ಯಾವ ಪ್ರಯೋಗವೂ ಬೇಡ. ಮೊದಲ ಸಲ ಮಾಡಿಸುವುದಾದರೆ ಇವತ್ತೇ ರೆಟಿನಾಲ್ ನಿಲ್ಲಿಸಿ, ಒಂದು ವಾರ ಆದಮೇಲೆ ಒಂದು ಮಾಡಿಸಿ ನೋಡಿ. ಚರ್ಮ ಹೇಗೆ ತೆಗೆದುಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ. ಒಪ್ಪಿದರೆ ಮದುವೆಗೆ ಒಂದು ವಾರ ಇರುವಾಗ ಅದೇ ಥೆರಪಿಸ್ಟ್, ಅದೇ ಫೇಶಿಯಲ್. ಮೆನುವಿನಲ್ಲಿ ಚಿನ್ನದ್ದು, ವಜ್ರದ್ದು ಅಂತ ಇರುತ್ತದೆ, ಅದಕ್ಕೆ ಬದಲಾಯಿಸಲು ಹೋಗಬೇಡಿ.

ರೆಟಿನಾಲ್ ಅಂದರೆ ಮೇಲಿನ ಚರ್ಮವನ್ನು ಬೇಗ ಹೊಸದಾಗಿಸುವ ಔಷಧದಂಥ ಕ್ರೀಮ್, ಪ್ರತಿ ಫೇಶಿಯಲ್‌ಗೂ ಒಂದು ವಾರ ಮೊದಲೇ ಅದನ್ನು ನಿಲ್ಲಿಸಿರಬೇಕು. ಅದನ್ನು ಹಚ್ಚುತ್ತಿರುವಾಗ ಮುಖಕ್ಕೆ ವ್ಯಾಕ್ಸ್ ಹಾಕಿದರೆ ಚರ್ಮವೇ ಕಿತ್ತು ಬರಬಹುದು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರನ್ನು ಕೇಳದೆ ವ್ಯಾಕ್ಸಿಂಗ್, ಪೀಲ್ (ಆಸಿಡ್ ಹಚ್ಚಿ ಮೇಲಿನ ಚರ್ಮ ಸುಲಿಸುವುದು) ಯಾವುದೂ ಬೇಡ. ಫೇಶಿಯಲ್ಲೂ ಬ್ಲೀಚೂ ಒಂದೇ ದಿನ ಬೇಡ. ಬ್ಲೀಚ್ ಮಾಡಿಸಲೇಬೇಕು ಅಂದರೆ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ.

ಧಾರೆಯ ಹಿಂದಿನ ದಿನ ಆ ಸ್ಪಾ ಬುಕಿಂಗನ್ನು ಕಾಲು, ಕೈ, ಭುಜದ ಮಸಾಜ್‌ಗೆ ಬದಲಾಯಿಸಿಕೊಳ್ಳಿ. ಈಗಲೇ ಫೋನ್ ಮಾಡಿ, ಕೊನೇ ಗಳಿಗೆಯಲ್ಲಿ ಬದಲಾಯಿಸಿದರೆ ದುಡ್ಡು ಹಿಡಿಯುತ್ತಾರೆ. ಮತ್ತೆ ಅರಿಸಿನ ಶಾಸ್ತ್ರಕ್ಕೆ ಪ್ಯಾಕೆಟ್ ಅರಿಸಿನ ತರುವುದಾದರೆ ಬಣ್ಣ ಬೆರೆಸದ್ದು ನೋಡಿ ತರಲು ನಿಮ್ಮ ಅತ್ತೆ, ಚಿಕ್ಕಮ್ಮಂದಿರಿಗೆ ಹೇಳಿ.