ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ: ರಾಗಿ ತಿಂದರೂ ಶುಗರ್ ಯಾಕೆ ಇಳಿಯಲಿಲ್ಲ?

ಪ್ರಶ್ನೆ: ಮೇಡಂ, ನನಗೆ 42 ವರ್ಷ. ಕೂತು ಲೆಕ್ಕ ಬರೆಯುವ ಕೆಲಸ. ನಾಲ್ಕು ತಿಂಗಳ ಹಿಂದೆ ಖಾಲಿ ಹೊಟ್ಟೆಯ ಶುಗರ್ 112, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 6.1 ಬಂತು. ಅವತ್ತಿನಿಂದ ಅನ್ನ ಮುಟ್ಟಿಲ್ಲ. ಬೆಳಗ್ಗೆ ಬೆಲ್ಲ ಹಾಕಿದ ರಾಗಿ ಗಂಜಿ, ಮಧ್ಯಾಹ್ನ ಮುದ್ದೆ, ರಾತ್ರಿ ಮುದ್ದೆ. ಮೊನ್ನೆ ಮತ್ತೆ ರಕ್ತ ಕೊಟ್ಟೆ, 6.2 ಬಂದಿದೆ. ಶುಗರ್‌ಗೆ ರಾಗಿ ಒಳ್ಳೆಯದು ಅನ್ನೋದು ಸುಳ್ಳಾ?
(ಓದುಗರು, ತುಮಕೂರು)

ಉತ್ತರ: ಸುಳ್ಳಲ್ಲ. ಆದರೆ ನೀವು ರಾಗಿಯನ್ನು ಮಾತ್ರೆ ಅಂದುಕೊಂಡು ತಿಂದಿದ್ದೀರಿ. ರಾಗಿ ಊಟ, ಔಷಧಿ ಅಲ್ಲ.

100 ಗ್ರಾಂ ಅಕ್ಕಿಯಲ್ಲಿ ಹೆಚ್ಚು ಕಡಿಮೆ 78 ಗ್ರಾಂ ಪಿಷ್ಟ ಇದ್ದರೆ ರಾಗಿಯಲ್ಲಿ 70ರ ಹತ್ತಿರ ಇದೆ. ಅಂಥ ದೊಡ್ಡ ವ್ಯತ್ಯಾಸ ಏನಲ್ಲ, ಅಲ್ವಾ? ರಾಗಿ ಗೆಲ್ಲುವುದು ಬೇರೆ ಕಡೆ. ನಾರು 100 ಗ್ರಾಮಿಗೆ 11 ಗ್ರಾಂನಷ್ಟಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರಲ್ಲ. ಕ್ಯಾಲ್ಸಿಯಂ 350 ಮಿಲಿಗ್ರಾಂ ಆಸುಪಾಸು, ಈ ವಿಷಯದಲ್ಲಿ ಬೇರೆ ಯಾವ ಧಾನ್ಯವೂ ಅದರ ಹತ್ತಿರ ಬರಲ್ಲ. ಹಾಗಾಗಿ ರಾಗಿ ಬಿಡಬೇಡಿ. ಆದರೆ ದೊಡ್ಡ ಮುದ್ದೆಗೆ ನೂರು ಗ್ರಾಂ ಹಿಟ್ಟು ಹೋಗುತ್ತದೆ. ಎರಡು ಹೊತ್ತಿಗೆ ಇನ್ನೂರಾಯಿತು, ಅದರ ಮೇಲೆ ಗಂಜಿ. ಅನ್ನ ಬಿಟ್ಟೆ ಅನ್ನೋ ಸಮಾಧಾನದಲ್ಲಿ ಪ್ರಮಾಣದ ಕಡೆ ನೋಡೋದೇ ಮರೆತು ಹೋಗುತ್ತದೆ.

ನನ್ನ ಚಿಂತೆ ಜಾಸ್ತಿ ಇರುವುದು ಗಂಜಿ ಮೇಲೆ. ನುಣ್ಣಗೆ ಬೀಸಿದ ಹಿಟ್ಟು, ನೀರಿನಲ್ಲಿ ಚೆನ್ನಾಗಿ ಬೆಂದಿರುತ್ತದೆ, ಅಗಿಯುವ ಕೆಲಸವೇ ಇಲ್ಲ. ಗಟಗಟ ಕುಡಿದರೆ ಹೊಟ್ಟೆಯಲ್ಲಿ ನಿಲ್ಲದೆ ಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದಕ್ಕೆ ಬೆಲ್ಲ ಬೇರೆ! ಬೆಲ್ಲ ಒಳ್ಳೆಯದು, ಸಕ್ಕರೆ ಕೆಟ್ಟದ್ದು ಅನ್ನುವ ಲೆಕ್ಕ ಶುಗರ್ ಮೀಟರಿಗೆ ಗೊತ್ತಾಗಲ್ಲ. ಬೆಳಗ್ಗೆ ಗಂಜಿ ಬದಲು ಮೊಳಕೆ ಹೆಸರುಕಾಳು ಉಸಲಿ, ಇಲ್ಲ ತರಕಾರಿ ಹಾಕಿದ ಒಂದು ರಾಗಿ ರೊಟ್ಟಿ, ಮೊಟ್ಟೆ ತಿನ್ನುವವರಾದರೆ ಅದರ ಜೊತೆ ಒಂದು ಮೊಟ್ಟೆ ತಿನ್ನಿ. ಮುದ್ದೆ ಒಂದೇ ಹೊತ್ತು ಸಾಕು, ಅದೂ ಈಗಿನದರ ಅರ್ಧ. ನಿಮ್ಮ ಕಡೆಯ ಬಸ್ಸಾರಿಗಿಂತ ಒಳ್ಳೆಯ ಜೊತೆ ಮುದ್ದೆಗೆ ಇಲ್ಲ. ಆದರೆ ಸಾರು ಬಗ್ಗಿಸಿಕೊಂಡು ಪಲ್ಯ ನಂಚಿಕೊಳ್ಳಲು ಎರಡು ಚಮಚ ಹಾಕಿಕೊಳ್ಳುತ್ತೀರಲ್ಲ, ಅದನ್ನು ತಿರುಗಿಸಿ. ಮೊದಲು ಒಂದು ಬಟ್ಟಲು ಸೊಪ್ಪು, ಕಾಳು ತಿಂದು ಮುಗಿಸಿ, ಆಮೇಲೆ ಮುದ್ದೆ ಮುರಿಯಿರಿ. ನಾರು, ಪ್ರೋಟೀನು ಮೊದಲು ಹೊಟ್ಟೆಗೆ ಹೋದರೆ ಹಿಂದೆ ಬರುವ ಪಿಷ್ಟ ನಿಧಾನಕ್ಕೆ ಇಳಿಯುತ್ತದೆ.

ಇನ್ನೊಂದು ವಿಷಯ. ನಿಮ್ಮ ಕಾಗದ ಎರಡು ಸಲ ಓದಿದೆ, ಏನೇನು ತಿಂತೀರಿ ಅಂತ ಇದೆ, ನಡಿಗೆ ಬಗ್ಗೆ ಒಂದು ಅಕ್ಷರ ಇಲ್ಲ. ಮುದ್ದೆ ತಿಂದ ನಮ್ಮ ಅಜ್ಜಂದಿರು ಊಟ ಮಾಡಿ ಹೊಲಕ್ಕೆ ಹೋಗುತ್ತಿದ್ದರು, ನೀವು ಕುರ್ಚಿಗೆ ಹೋಗುತ್ತೀರಿ. ನಡೆಯುವಾಗ ಕಾಲಿನ ಮಾಂಸಖಂಡಗಳು ಇನ್ಸುಲಿನ್‌ಗೆ ಅಷ್ಟಾಗಿ ಕಾಯದೆ ರಕ್ತದ ಸಕ್ಕರೆಯನ್ನು ತಾವೇ ಎಳೆದುಕೊಳ್ಳುತ್ತವೆ. ನಮ್ಮಮ್ಮನಿಗೆ ಶುಗರ್ ಇದೆ. ಒಂದು ದಿನ ರಾತ್ರಿ ಊಟ ಮಾಡಿ ಧಾರಾವಾಹಿ ನೋಡುತ್ತಾ ಕೂತಿದ್ದರು, ಒಂದೂವರೆ ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ 204. ಮಾರನೇ ದಿನ ಅದೇ ಎರಡು ಚಪಾತಿ, ಅದೇ ಹುರುಳಿಕಾಯಿ ಪಲ್ಯ. ತಟ್ಟೆ ಎತ್ತಿಟ್ಟ ಕೂಡಲೇ ನಾನೇ ಕೈ ಹಿಡಿದು ಬೀದಿ ಕೊನೆಯ ಅರಳಿಕಟ್ಟೆ ತನಕ ಎರಡು ಸುತ್ತು ಕರೆದುಕೊಂಡು ಹೋದೆ, ಹದಿನೈದು ನಿಮಿಷ ಅಷ್ಟೇ. ಅವತ್ತು 166. ಎಲ್ಲರಿಗೂ ಇಷ್ಟೇ ಇಳಿಯುತ್ತದೆ ಅಂತ ಹೇಳಲ್ಲ. ಆದರೆ ಆ ಸಂಖ್ಯೆ ನೋಡಿದ ಮೇಲೆ ಅಮ್ಮನಿಗೆ ನಾನು ಒಂದು ಸಲವೂ ವಾಕಿಂಗ್ ಹೋಗಿ ಅಂತ ಹೇಳಬೇಕಾಗಿ ಬಂದಿಲ್ಲ.

ಎಚ್‌ಬಿಎ1ಸಿ 5.7ರಿಂದ 6.4ರ ತನಕ ಅಂದರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಒಳಗೆ ಕಾಲಿಟ್ಟ ಹಾಗೆ. 2023ರಲ್ಲಿ ಬಂದ ಐಸಿಎಂಆರ್ ಅಧ್ಯಯನದ ಅಂದಾಜಿನಲ್ಲಿ ದೇಶದ 13.6 ಕೋಟಿ ಮಂದಿ ಈ ಹೊಸ್ತಿಲಲ್ಲಿದ್ದಾರೆ. ನೀವು ಇನ್ನೂ ಒಳಗೆ ಹೋಗಿಲ್ಲ, 6.1ಕ್ಕೂ 6.2ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇಲ್ಲ. ಚೆನ್ನೈನಲ್ಲಿ ಇಂಥವರನ್ನೇ ಸುಮಾರು ಎರಡೂವರೆ ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಕೊಟ್ಟರು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ ಕಾಯಿಲೆಗೆ ಜಾರುವ ಸಂಭವ 28.5% ಕಡಿಮೆ ಆಗಿತ್ತು, ಮಾತ್ರೆ ನುಂಗಿದವರಲ್ಲೂ ಹತ್ತಿರ ಹತ್ತಿರ ಅಷ್ಟೇ. ಮೂರು ಹೊತ್ತೂ ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಮೂರು ತಿಂಗಳು ಬಿಟ್ಟು ಪರೀಕ್ಷೆ ಮಾಡಿಸಿ ನನಗೆ ಬರೆಯಿರಿ, ಕಾಯುತ್ತೇನೆ.

ಪ್ರಶ್ನೆ: ನಮ್ಮ ಯಜಮಾನರು ಬಸ್ ಡ್ರೈವರ್. 48 ವರ್ಷ, ಹೊಟ್ಟೆ ಬಂದಿದೆ, ಬಿಪಿ 150/96. ವಾರದಲ್ಲಿ ಮೂರು ನಾಲ್ಕು ರಾತ್ರಿ ಡ್ಯೂಟಿ. ಮನೆಯಲ್ಲಿ ಎಣ್ಣೆ ಕಮ್ಮಿ ಮಾಡಿದ್ದೇನೆ. ಅವರ ಜೊತೆಯ ಕಂಡಕ್ಟರ್ ಅದೇ ವಯಸ್ಸು, ಅದೇ ಹೋಟೆಲ್ ಊಟ, ಅವರಿಗೆ ಏನೂ ಇಲ್ಲ. ಯಾಕೆ ಹೀಗೆ?
(ಓದುಗರು, ಚಿಕ್ಕಮಗಳೂರು)

ಉತ್ತರ: ಅಮ್ಮಾ, ನಿಮ್ಮ ಈ ಪ್ರಶ್ನೆಯನ್ನೇ ಜೆರ್ರಿ ಮೋರಿಸ್ ಅನ್ನುವ ವೈದ್ಯರು ಲಂಡನ್ನಿನಲ್ಲಿ ಕೇಳಿದ್ದರು. ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಡ್ರೈವರ್ ದಿನವಿಡೀ ಕೂತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡುತ್ತಾ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಒಂದೇ ಬಸ್ಸು, ಒಂದೇ ಸಂಸ್ಥೆ. 1953ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಹೃದಯಾಘಾತ ಡ್ರೈವರ್‌ಗಳಲ್ಲಿ ಜಾಸ್ತಿ, ಕಂಡಕ್ಟರ್‌ಗಳಲ್ಲಿ ಕಡಿಮೆ ಇತ್ತು. ನಂತರ ಅವರ ಸಮವಸ್ತ್ರದ ಅಳತೆಗಳನ್ನೂ ತೆಗೆದು ನೋಡಿದರು. ಡ್ರೈವರ್‌ಗಳ ಪ್ಯಾಂಟಿನ ಸೊಂಟ ಅದೇ ವಯಸ್ಸಿನ ಕಂಡಕ್ಟರ್‌ಗಳದ್ದಕ್ಕಿಂತ ದೊಡ್ಡದಿತ್ತು. ಅಂದರೆ ಬರೀ ಮೆಟ್ಟಿಲಿಂದಲೇ ಎಲ್ಲಾ ಆಯಿತು ಅನ್ನುವ ಹಾಗಿಲ್ಲ, ಹೊಟ್ಟೆಯ ಪಾಲೂ ಇದೆ. ಆದರೂ ಮೈ ಅಲ್ಲಾಡಿಸುವುದಕ್ಕೂ ಹೃದಯಕ್ಕೂ ಇರುವ ನಂಟನ್ನು ವೈದ್ಯರು ಗಂಭೀರವಾಗಿ ನೋಡತೊಡಗಿದ್ದು ಅಲ್ಲಿಂದ.

ಈಗ ನಿಮ್ಮವರ ವಿಷಯಕ್ಕೆ ಬರೋಣ. ಬಿಪಿ 140/90 ದಾಟಿ ಹೀಗೇ ಬರುತ್ತಿದ್ದರೆ ಊಟ ಬದಲಿಸಿ ನೋಡ್ತೀನಿ ಅಂತ ಮಾತ್ರೆ ಮುಂದೂಡಬೇಡಿ, ಎರಡೂ ಜೊತೆಯಲ್ಲೇ ನಡೆಯಲಿ. ಟೀ ಎಷ್ಟು ಕುಡಿಯುತ್ತಾರೆ ಅಂತ ಕೇಳಿ. ರಾತ್ರಿ ಡ್ಯೂಟಿಯವರಿಗೆ ಆರು ಗ್ಲಾಸ್ ಏನೂ ಹೆಚ್ಚಲ್ಲ. ಗ್ಲಾಸಿಗೆ ಎರಡು ಚಮಚ ಅಂದರೂ ಬರೀ ಟೀಯಿಂದಲೇ 50 ಗ್ರಾಂ ಸಕ್ಕರೆ ಆಯಿತು. ವಿಶ್ವ ಆರೋಗ್ಯ ಸಂಸ್ಥೆ 25ರೊಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ. ಮನೆಯಲ್ಲಿ ನೀವು ಒಗ್ಗರಣೆಗೆ ಎಣ್ಣೆ ಅಳೆದು ಹಾಕಿದ್ದು ಅಲ್ಲಿ ಹೊರಟು ಹೋಯಿತು. ಸಕ್ಕರೆ ಇಲ್ಲದ ಟೀ ಕೇಳಲಿ, ಎರಡು ವಾರ ಕಷ್ಟ, ಆಮೇಲೆ ನಾಲಿಗೆ ಒಗ್ಗುತ್ತದೆ. ಡಬ್ಬಿಯಲ್ಲಿ ಹುರಿಗಡಲೆ, ಎರಡು ಸೌತೆಕಾಯಿ ಕಟ್ಟಿಕೊಡಿ. ಹಾದಿಯಲ್ಲಿ ಪರೋಟ, ಬಜ್ಜಿಗೆ ಕೈ ಹೋಗುವುದು ಹಸಿವಿಗಿಂತ ನಿದ್ದೆ ತಡೆಯೋದಕ್ಕೆ. ಬೀಡಿ, ಗುಟ್ಕಾ ಇದ್ದರೆ ನಾನು ಇಲ್ಲಿ ಹೇಳಿದ್ದೆಲ್ಲಕ್ಕಿಂತ ಮೊದಲು ಅದು ನಿಲ್ಲಬೇಕು. ಬಸ್ ನಿಂತ ಕಡೆಯಲ್ಲೆಲ್ಲ ಸೀಟಲ್ಲೇ ಮೊಬೈಲ್ ನೋಡದೆ ಕೆಳಗಿಳಿದು ಬಸ್ಸಿನ ಸುತ್ತ ನಾಲ್ಕೈದು ಸುತ್ತು ಬರಲಿ.

ಇನ್ನೊಂದು, ಇದನ್ನು ಮರೆಯಬೇಡಿ. ಗೊರಕೆ ಜೋರಾಗಿದೆಯಾ? ನಡುವೆ ಉಸಿರು ನಿಂತ ಹಾಗಾಗಿ ಬೆಚ್ಚಿ ಮತ್ತೆ ಗೊರಕೆ ಶುರುವಾಗುತ್ತದೆಯಾ? ಹಾಗಿದ್ದರೆ ಡಾಕ್ಟರಿಗೆ ಹೇಳಿ ನಿದ್ದೆಯ ಪರೀಕ್ಷೆ ಮಾಡಿಸಿ. ಹೀಗೆ ಉಸಿರು ನಿಲ್ಲುವುದು ಬಿಪಿ ಏರಿಸುತ್ತದೆ, ಸ್ಟೀರಿಂಗ್ ಮುಂದೆ ತೂಕಡಿಕೆಯನ್ನೂ ತರುತ್ತದೆ. ಐವತ್ತು ಜನ ಅವರನ್ನು ನಂಬಿ ಹಿಂದೆ ಮಲಗಿರುತ್ತಾರೆ.

ಪ್ರಶ್ನೆ: ಬಿಪಿಗೆ ಪುಡಿ ಉಪ್ಪು ಬಿಟ್ಟು ಸೈಂಧವ ಲವಣ ಬಳಸುತ್ತಿದ್ದೇವೆ. ಎಷ್ಟು ಬೇಕಾದರೂ ಹಾಕಬಹುದಾ?
(ಓದುಗರು, ಶಿವಮೊಗ್ಗ)

ಉತ್ತರ: ಬೇಡ. ಸೈಂಧವ ಲವಣವೂ ಹೆಚ್ಚಿನ ಪಾಲು ಅದೇ ಸೋಡಿಯಂ ಕ್ಲೋರೈಡ್. ಮೇಲಾಗಿ ಪ್ಯಾಕೆಟ್ ಉಪ್ಪಿಗೆ ಸೇರಿಸುವ ಅಯೋಡಿನ್ ಅದರಲ್ಲಿ ಸಾಮಾನ್ಯವಾಗಿ ಇರಲ್ಲ.

ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚ. ಅಡುಗೆ ಮಾಡುವಾಗ ಇದನ್ನು ಅಳೆಯೋದು ಕಷ್ಟ, ಅದಕ್ಕೆ ನಾನು ಬೇರೆ ದಾರಿ ಹೇಳುತ್ತೇನೆ. ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮನೆಯಲ್ಲಿ ನಾಲ್ಕು ಜನ ಇದ್ದರೆ ಒಂದು ಕೆಜಿ 50 ದಿನ ಬರಬೇಕು. ಅದಕ್ಕಿಂತ ಮೊದಲೇ ಖಾಲಿಯಾದರೆ ಉಪ್ಪು ಜಾಸ್ತಿ ಆಗುತ್ತಿದೆ ಅಂತ ಅರ್ಥ. ಹಪ್ಪಳ, ಸಂಡಿಗೆ, ಬೇಕರಿಯ ಖಾರಾ ಬಿಸ್ಕತ್ತು, ಅಂಗಡಿ ಉಪ್ಪಿನಕಾಯಿ ಈ ಲೆಕ್ಕದಲ್ಲಿ ಬಂದೇ ಇಲ್ಲ. ತಟ್ಟೆ ಕೊನೆಗೆ ಉಪ್ಪು ಬಡಿಸುವ ಪದ್ಧತಿ ನಿಲ್ಲಿಸಿ, ಆ ಜಾಗಕ್ಕೆ ನಿಂಬೆಹೋಳು ಬರಲಿ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಬಿಪಿಗೆ ಕೆಲವು ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಪ್ರಶ್ನೆ: ಮೂರು ತಿಂಗಳಿಂದ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 9.2 ಇದೆ. ದಿನಾ ಬೀಟ್ರೂಟ್, ಖರ್ಜೂರ ತಿಂತೀನಿ. ಒಂದು ಚಟ ಅಂದರೆ ರೊಟ್ಟಿ ಉಂಡ ಕೂಡಲೇ ಚಹಾ ಬೇಕು. 35 ವರ್ಷ.
(ಓದುಗರು, ಹುಬ್ಬಳ್ಳಿ)

ಉತ್ತರ: ಆ ಚಹಾ ಚಟ ಅಂತ ಸುಮ್ನೆ ಒಂದು ಮಾತಿಗೆ ಬರೆದಿದ್ದೀರಿ, ಅದು ಮುಖ್ಯವಾದ ವಿಷಯ. ಚಹಾದ ಒಗರು ಊಟದಲ್ಲಿರುವ ಕಬ್ಬಿಣವನ್ನು ಕಟ್ಟಿ ಹಾಕುತ್ತದೆ, ಮೈಗೆ ಸೇರಲು ಬಿಡಲ್ಲ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಚಹಾ, ಕಾಫಿ ಬೇಡ ಅಂತ 2024ರ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯೂ ಹೇಳಿದೆ. ಚಹಾ ಬಿಡಬೇಕಿಲ್ಲ, ನಾಲ್ಕು ಗಂಟೆಗೆ ಕುಡಿಯಿರಿ. ಬೀಟ್ರೂಟಿನ ಬಣ್ಣಕ್ಕೆ ಮರುಳಾಗಬೇಡಿ, ಅದರಲ್ಲಿ ಕಬ್ಬಿಣ ಬಹಳ ಕಡಿಮೆ. ಮಡಿಕೆಕಾಳು, ಸೊಪ್ಪಿನ ಪಲ್ಯದ ಮೇಲೆ ನಿಂಬೆರಸ ಹಿಂಡಿಕೊಂಡರೆ ಅದರ ಕಬ್ಬಿಣ ಚೆನ್ನಾಗಿ ಒಳಗೆ ಹೋಗುತ್ತದೆ.

ಆದರೆ 9.2 ಊಟದಿಂದ ಮಾತ್ರ ಮೇಲೆ ಬರುವ ಅಂಕಿ ಅಲ್ಲ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯಾ? ಅದನ್ನು ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ, ಎಷ್ಟೋ ಹೆಂಗಸರಲ್ಲಿ ಕಾರಣ ಅಲ್ಲೇ ಇರುತ್ತದೆ. ಕಬ್ಬಿಣದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಹಾಲು, ಚಹಾದ ಜೊತೆ ನುಂಗಬೇಡಿ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯಿಂದ. ಸುಸ್ತು ಹೋಯಿತು ಅಂತ ಹದಿನೈದು ದಿನಕ್ಕೆ ನಿಲ್ಲಿಸಿದರೆ ಮತ್ತೆ ಇದೇ ಜಾಗಕ್ಕೆ ಬರುತ್ತೀರಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ.

ಪ್ರಶ್ನೆ: ವಯಸ್ಸು 29, ಸಾಫ್ಟ್‌ವೇರ್ ಕೆಲಸ. ಹಾಸನದಲ್ಲಿ ಹೃದಯಾಘಾತದಿಂದ ಸತ್ತವರ ಸುದ್ದಿ ಬಂದ ಮೇಲೆ ಅಮ್ಮ ಜಿಮ್ ಬಿಡಿಸಿದ್ದಾರೆ. ಅಪ್ಪನಿಗೆ 51ಕ್ಕೆ ಹೃದಯಾಘಾತ ಆಗಿತ್ತು. ನಾನು ವ್ಯಾಯಾಮ ಮಾಡಬಹುದಾ?
(ಓದುಗರು, ಬೆಂಗಳೂರು)

ಉತ್ತರ: ಮಾಡಬಹುದು, ಮಾಡಲೇಬೇಕು. ಅಮ್ಮನ ಭಯ ನನಗೆ ಅರ್ಥವಾಗುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗಲೂ ನನ್ನ ಹತ್ತಿರ ಬಂದ ಎಷ್ಟೋ ಹುಡುಗರು ವ್ಯಾಯಾಮ ನಿಲ್ಲಿಸಿದ್ದರು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಅಲ್ಲಿ ಅಸಹಜ ಏರಿಕೆ ಕಂಡಿಲ್ಲ ಅಂತ ವರದಿ ಕೊಟ್ಟಿತು, ತೀರಿಕೊಂಡ ಬಹಳ ಮಂದಿಗೆ ಶುಗರ್, ಬಿಪಿ, ಸಿಗರೇಟು, ಕುಡಿತದಂಥ ಕಾರಣಗಳು ಮೊದಲೇ ಇದ್ದವು.

ಅಪ್ಪನಿಗೆ 55ರೊಳಗೆ ಆಗಿರುವುದರಿಂದ ನೀವು ಈಗಲೇ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ, ಹೃದಯದ ಡಾಕ್ಟರ್ ಹತ್ತಿರ ಒಂದು ಸಲ ಮಾತಾಡಿ. ಆಮೇಲೆ ನಿಧಾನಕ್ಕೆ ಶುರು ಮಾಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಉಸಿರು ಏರಿದರೆ ಸಾಕು. ವಾರಕ್ಕೆ 150 ನಿಮಿಷ, ಎರಡು ದಿನ ಭಾರ ಎತ್ತುವುದು. ರಾತ್ರಿ ಎರಡರ ತನಕ ಎದ್ದಿದ್ದು ಬೆಳಗ್ಗೆ ಆರಕ್ಕೆ ಜಿಮ್‌ಗೆ ಓಡಬೇಡಿ, ಏಳು ಗಂಟೆ ನಿದ್ದೆ ಆಗಲಿ. ಎದೆ ಹಿಂಡಿದ ಹಾಗಾಗಿ, ದವಡೆಗೋ ತೋಳಿಗೋ ನೋವು ಹರಿದು ಬೆವರು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ. ಊರಲ್ಲಿರುವ ಅಪ್ಪನಿಗೂ ಹೇಳಿಡಿ: ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುತ್ತಾರೆ.

ಪ್ರಶ್ನೆ: ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕಾ? ನಮ್ಮ ಅತ್ತೆಗೆ 68, ಎರಡು ಸಾವಿರಕ್ಕೇ ಸುಸ್ತಾಗ್ತಾರೆ. ನೆಲದ ಮೇಲೆ ಕೂತರೆ ಏಳೋದಕ್ಕೆ ನಾವೇ ಕೈ ಕೊಡಬೇಕು.
(ಓದುಗರು, ಮಂಡ್ಯ)

ಉತ್ತರ: ಹತ್ತು ಸಾವಿರ ಅನ್ನೋದು ವೈದ್ಯರು ಅಳೆದು ಕೊಟ್ಟ ಅಂಕಿ ಅಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ ‘ಹತ್ತು ಸಾವಿರ ಹೆಜ್ಜೆ’ ಅಂತ ಇತ್ತು, ಅಲ್ಲಿಂದ ಊರೂರಿಗೆ ಹಬ್ಬಿತು. ಅತ್ತೆ ಎರಡು ಸಾವಿರದಿಂದ ಎರಡೂವರೆಗೆ ಬಂದರೂ ಲಾಭವೇ.

ಅವರಿಗೆ ಹೆಜ್ಜೆಗಿಂತ ತೊಡೆಯ ಬಲ ಬೇಕು. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿ ಮೇಲೆ ಕೂರಿಸಿ, ಪ್ಲಾಸ್ಟಿಕ್ ಕುರ್ಚಿ ಬೇಡ. ಕೈ ಎದೆ ಮೇಲಿಟ್ಟು ನಿಧಾನಕ್ಕೆ ಎದ್ದು, ಅದಕ್ಕಿಂತ ನಿಧಾನಕ್ಕೆ ಕೂರಲಿ. ಆಗದಿದ್ದರೆ ಮೊದಲು ಕೈ ಊರಿಕೊಂಡೇ ಏಳಲಿ. ಬೆಳಗ್ಗೆ ಐದು ಸಲ, ಸಂಜೆ ಐದು ಸಲ, ವಾರಕ್ಕೆ ಒಂದೊಂದು ಹೆಚ್ಚಿಸಿ. ಎರಡು ಹೊತ್ತಿನ ಊಟದಲ್ಲೂ ಒಂದು ಬಟ್ಟಲು ಕಾಳು ಇರಲಿ, ಮೊಸರು ಇರಲಿ. ವಯಸ್ಸಾಯಿತು, ಸಾರನ್ನ ಸಾಕು ಅಂತ ಅವರೇ ತಟ್ಟೆ ಸರಿಸುತ್ತಾರೆ, ನೀವು ಪಕ್ಕ ಕೂತು ಬಡಿಸಿ. ಮಂಡಿ ಊದಿದ್ದರೆ, ತಲೆ ಸುತ್ತಿದರೆ ಮೊದಲು ಡಾಕ್ಟರಿಗೆ ತೋರಿಸಿ. ಶುರುವಿನ ದಿನಗಳಲ್ಲಿ ಮನೆಯವರು ಯಾರಾದರೂ ಪಕ್ಕದಲ್ಲಿ ನಿಂತಿರಿ.